ಪಟಿಕದ ಕಲ್ಲು

ಅಪ್ಪನ ಕ್ಷೌರದ ಅಂಗಡಿಗೆ ಮಂಗಳವಾರ ರಜೆ. ಅಂಥದೊಂದು ಮಂಗಳವಾರ ನಾವಿಬ್ಬರೂ ಹನುಮಂತನಗರದ ಹೊಸ ಮಳಿಗೆಯ ಶಟರ್ ಅರ್ಧ ಎತ್ತಿ, ಒಳಗೆ ಕಾಗದಗಳನ್ನು ಹರಡಿಕೊಂಡು ಕುಳಿತಿದ್ದೆವು. ಹಳೆಯ ಕಟ್ಟಡ ಕೆಡವುತ್ತಾರೆಂದು ಎರಡು ರಸ್ತೆ ಆಚೆಗೆ ಬಂದಾಗಿತ್ತು. ವಿಳಾಸ ಬದಲಾದ ಮೇಲೆ ಪಾಲಿಕೆಯ ಉದ್ದಿಮೆ ಪರವಾನಗಿ ಆಗಬೇಕು. 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ನೋಂದಣಿಯನ್ನೂ ತಿದ್ದಿಸಬೇಕು. ಬಾಡಿಗೆ ಕರಾರು, ಆಧಾರ್, ಅಂಗಡಿಯ ಫೋಟೊ ಎಲ್ಲವೂ ಇದ್ದವು. ಆಸ್ತಿ ತೆರಿಗೆ ರಸೀದಿಯ ಪ್ರತಿ ಕೊಡಲು ಮಾತ್ರ ಮಾಲೀಕರು ಮೂರು ಸಲ ಓಡಾಡಿಸಿದರು. ಬೋರ್ಡಿನಲ್ಲಿ ಶೇ. 60ರಷ್ಟು ಕನ್ನಡವಿರಬೇಕೆಂಬ ನಿಯಮದ ಬಗ್ಗೆ ನಮಗೆ ಚಿಂತೆಯೇ ಇರಲಿಲ್ಲ. ಅಪ್ಪನ ಬೋರ್ಡಿನಲ್ಲಿ ಎಂದೂ ಬೇರೆ ಭಾಷೆ ಇದ್ದದ್ದಿಲ್ಲ.

ಅರ್ಜಿ ಮಧ್ಯಾಹ್ನದೊಳಗೆ ಮುಗಿಯಿತು. ನನ್ನನ್ನು ಕಾಡಿದ್ದು ಕನ್ನಡಿಯ ಕೆಳಗಿನ ಹಲಗೆ.

ನಾನು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷಿಸುವವನು. ಯಕೃತ್ತಿಗೆ ರೋಗ ತರುವ ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೆ, ಒಣಗಿದ ರಕ್ತದಲ್ಲಿಯೂ ಕನಿಷ್ಠ 7 ದಿನ ಸೋಂಕು ಹರಡುವ ಶಕ್ತಿ ಉಳಿಸಿಕೊಂಡಿರುತ್ತದೆ. ಅದಕ್ಕೆ ಕಣ್ಣಿಗೆ ಕಾಣುವಷ್ಟು ರಕ್ತವೂ ಬೇಕಾಗಿಲ್ಲ. ಅಪ್ಪ ಪ್ರತಿಯೊಬ್ಬರಿಗೂ ಹೊಸ ಬ್ಲೇಡ್ ಮುರಿದು ಹಾಕುತ್ತಾರೆ, ಅದರಲ್ಲಿ ಎಂದೂ ತಪ್ಪಿದವರಲ್ಲ. ಆದರೆ ಕ್ಷೌರ ಮುಗಿದೊಡನೆ ಅದೇ ಪಟಿಕದ ಕಲ್ಲು ಎಲ್ಲರ ಗಲ್ಲದ ಮೇಲೂ ಆಡುತ್ತಿತ್ತು. ಬಳಸಿ ಬಳಸಿ ನಡುವೆ ತಗ್ಗು ಬಿದ್ದು, ಒದ್ದೆಯಾಗಿಯೇ ಇರುತ್ತಿದ್ದ ಕಲ್ಲು.

“ಅಪ್ಪ, ಇದನ್ನು ಬಿಟ್ಟುಬಿಡಿ” ಎಂದೆ.

ಅವರ ಮುಖ ಕಪ್ಪಿಟ್ಟಿತು. “ಪಟಿಕ ಗಾಯಕ್ಕೆ ಔಷಧಿ. ನಿಮ್ಮ ತಾತನ ಕಾಲದಿಂದ ಹಚ್ಚುತ್ತಿದ್ದೇವೆ. ನಮ್ಮ ಕೈ ಕೊಳಕು ಎನ್ನುತ್ತೀಯಾ?”

ಆ ಕೊನೆಯ ಮಾತು ನನ್ನನ್ನು ಅಲುಗಾಡಿಸಿತು. ನಮ್ಮ ಕಸುಬಿನ ಹೆಸರನ್ನೇ ಬೈಗುಳ ಮಾಡಿಕೊಂಡ ಜನರ ನಡುವೆ ಅವರು ನಲವತ್ತು ವರ್ಷ ಕತ್ತರಿ ಹಿಡಿದವರು. ಕೊಳಕು ಎಂಬ ಪದ ಅವರಿಗೆ ಬರೀ ಆರೋಗ್ಯದ ಮಾತಲ್ಲ. 2020ರ ಲಾಕ್‌ಡೌನ್‌ನಲ್ಲಿ ಅಂಗಡಿ ಮುಚ್ಚಿದಾಗ ಸರ್ಕಾರ ಘೋಷಿಸಿದ 5,000 ರೂಪಾಯಿಗಿಂತ, ತೆರೆದ ಮೇಲೆ ಗಿರಾಕಿಗಳು ಕುರ್ಚಿಯನ್ನು ಅನುಮಾನದಿಂದ ನೋಡಿದ್ದೇ ಅವರಿಗೆ ಹೆಚ್ಚು ನೆನಪು.

ನಿಧಾನವಾಗಿ ಹೇಳಿದೆ. ಪಟಿಕ ಚರ್ಮವನ್ನು ಬಿಗಿದು ರಕ್ತ ನಿಲ್ಲಿಸುವುದು ನಿಜ. ಆದರೆ ಒಬ್ಬರ ರಕ್ತ ತಾಗಿದ ಕಲ್ಲು ಇನ್ನೊಬ್ಬರ ಗಾಯಕ್ಕೆ ತಾಗುವುದನ್ನು ಅದು ತಡೆಯುವುದಿಲ್ಲ. ಬಾಚಣಿಗೆ ಮುಳುಗಿಸಿದ ಡೆಟಾಲ್ ನೀರಿನ ಲೋಟವನ್ನೂ ತೋರಿಸಿದೆ. ಬೆಳಗ್ಗೆ ಹಾಕಿದ ನೀರಿನಲ್ಲಿ ಸಂಜೆಯ ಹೊತ್ತಿಗೆ ಕೂದಲು, ಎಣ್ಣೆ ಸೇರಿ ಔಷಧದ ಬಲವೇ ಉಳಿಯುವುದಿಲ್ಲ. ಮೊದಲು ಸೋಪು ನೀರಿನಲ್ಲಿ ಉಜ್ಜಿ ತೊಳೆದರೆ ಮಾತ್ರ ಆಮೇಲಿನ ಔಷಧ ಕೆಲಸ ಮಾಡುತ್ತದೆ. ಕತ್ತರಿಗೆ ಬ್ಲೀಚ್ ಹಾಕಿದರೆ ತುಕ್ಕು ಹಿಡಿಯುತ್ತದೆ, ಅದಕ್ಕೆ ಶೇ. 70ರ ಆಲ್ಕೋಹಾಲ್ ಸಾಕು ಎಂದಾಗ ಮಾತ್ರ ಅಪ್ಪ ತಲೆ ಎತ್ತಿದರು. ಕತ್ತರಿಯ ವಿಷಯವಲ್ಲವೇ.

ಬಳಸಿದ ಬ್ಲೇಡುಗಳನ್ನು ಅವರು ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕುತ್ತಿದ್ದರು. ಗಾಡಿಯಲ್ಲಿ ಕಸ ಬೇರ್ಪಡಿಸುವ ಪೌರಕಾರ್ಮಿಕರ ಬೆರಳು ನನ್ನ ಕಣ್ಣ ಮುಂದೆ ಬಂತು. ಖಾಲಿ ಪೌಡರ್ ಡಬ್ಬದ ಮುಚ್ಚಳಕ್ಕೆ ಸೀಳು ಮಾಡಿಕೊಟ್ಟೆ. ಅದು ತುಂಬಿದ ಮೇಲೆ ಅಂಟುಪಟ್ಟಿ ಸುತ್ತಿ, ಮೇಲೆ ‘ಬ್ಲೇಡ್’ ಎಂದು ಬರೆದು ಬೇರೆಯಾಗಿಯೇ ಕೊಡಬೇಕು. ಈ ಮಾತಿಗೆ ಅಪ್ಪ ಒಂದಿಷ್ಟೂ ವಾದಿಸಲಿಲ್ಲ.

ಅರ್ಜಿ ತುಂಬುವಾಗ ನೂರು ಪ್ರಶ್ನೆಗೆ ಉತ್ತರಿಸಿದ್ದೆವು. ಪಟಿಕದ ಬಗ್ಗೆ ಒಂದು ಪ್ರಶ್ನೆಯೂ ಇರಲಿಲ್ಲ. ನನಗೆ ನಿಜವಾಗಿ ಸಿಟ್ಟು ಬಂದದ್ದು ಅದಕ್ಕೆ. ಪ್ರಮಾಣಪತ್ರ ಗೋಡೆಯ ಮೇಲಿದ್ದರೆ ಸಾಲದು. ಈ ಹಲಗೆಯ ಮುಂದೆ ನಿಂತು ಕಲಿಸಿಕೊಡುವವರೂ ಬೇಕು.

ರಾತ್ರಿ ಅಪ್ಪ ಮಾತಿಲ್ಲದೆ ಉಂಡು ಮಲಗಿದರು. ಮರುದಿನ ಬೆಳಗಿನ ಜಾವ ಹಿತ್ತಲಿನಿಂದ ಟಕ್ ಟಕ್ ಸದ್ದು ಕೇಳಿ ಎದ್ದು ಹೋದೆ. ಅಂಗಡಿಯಿಂದ ತಂದ ಹೊಸ ಪಟಿಕವನ್ನು ಬಟ್ಟೆಯಲ್ಲಿ ಸುತ್ತಿ, ಕುಟ್ಟಾಣಿಯಿಂದ ಒಡೆಯುತ್ತಿದ್ದರು. ಕಡಲೆ ಗಾತ್ರದ ಚೂರುಗಳನ್ನು ಡಬ್ಬಕ್ಕೆ ತುಂಬುತ್ತಾ, ತಲೆ ಎತ್ತದೆಯೇ ಹೇಳಿದರು: “ಒಬ್ಬರಿಗೆ ಒಂದು. ಹಚ್ಚಿ ಎಸೆದುಬಿಡುವುದು.”