ದೆವ್ವದ ಮುಖಕ್ಕೆ ಅಕ್ಕಿ ಹಿಟ್ಟು

ಮೂಗು ಹೋಗಿ ಕೆನ್ನೆಗೆ ಅಂಟಿಕೊಂಡಿತು. ಬಿಡಿಸೋಣ ಅಂತ ಎಳೆದೆ, ಕೆನ್ನೆಯೂ ಜೊತೆಗೆ ಬಂದು ಗಲ್ಲಕ್ಕೆ ಅಂಟಿತು. ಐದೇ ನಿಮಿಷ. ಹದಿನೈದು ದಿನದ ಕೆಲಸ ಕೈಯಲ್ಲಿ ಮುದ್ದೆಯಾಗಿ ಕೂತಿತ್ತು. ರಾಗಿ ಮುದ್ದೆಯಾದರೂ ತಿನ್ನಬಹುದಿತ್ತು, ಇದು ರಬ್ಬರಿನದು.

ಅಮ್ಮ ಬಾಗಿಲಲ್ಲಿ ನಿಂತು ಎಲ್ಲಾ ನೋಡುತ್ತಿದ್ದಳು. "ಹಪ್ಪಳ ಲಟ್ಟಿಸುವಾಗ ಹಿಟ್ಟು ಉದುರಿಸಲ್ವೇನೋ? ಅಷ್ಟೂ ಗೊತ್ತಾಗಲಿಲ್ವಾ?" ಅಂದಳು.

ನಾನು ಚಿಕ್ಕಮಗಳೂರಿನಲ್ಲಿ ಬೋರ್ಡ್ ಬರೆಯುತ್ತಿದ್ದವನು. ಫ್ಲೆಕ್ಸ್ ಬಂದ ಮೇಲೆ ಆ ಕೆಲಸ ಹೋಯಿತು. ಈಗ ಮದುವೆಗೆ ಥರ್ಮೋಕೋಲ್ ಮಂಟಪ, ಗಣೇಶನ ಹಬ್ಬಕ್ಕೆ ಸ್ಟೇಜು, ಸ್ಕೂಲ್ ಡೇಗೆ ಕಿರೀಟ ಗದೆ, ಇಂಥದ್ದು ಮಾಡಿಕೊಂಡಿದ್ದೇನೆ. ಸೆಪ್ಟೆಂಬರ್ ಕೊನೆಯಲ್ಲಿ ಗಿರಿ ರಸ್ತೆಯಲ್ಲಿ ಹೋಂಸ್ಟೇ ಇಟ್ಟಿರುವವರೊಬ್ಬರು ಫೋನ್ ಮಾಡಿದರು. "ಅಣ್ಣಾ, ಅಕ್ಟೋಬರ್ 31ಕ್ಕೆ ಬೆಂಗಳೂರಿಂದ ಒಂದು ಗುಂಪು ಬರ್ತಿದೆ. ಹ್ಯಾಲೋವೀನ್ ಅಂತೆ. ಆರು ದೆವ್ವದ ಮುಖ ಬೇಕು. ಆನ್‌ಲೈನಲ್ಲಿ ಸಿಗೋ ತೆಳ್ಳನೆ ಪ್ಲಾಸ್ಟಿಕ್ ಬೇಡ, ತಲೆ ಪೂರ್ತಿ ಮುಚ್ಚೋ ರಬ್ಬರಿಂದು ಮಾಡ್ಕೊಡಿ." ಹೂಂ ಅಂದುಬಿಟ್ಟೆ. ಗೊತ್ತಿಲ್ಲದ ಕೆಲಸಕ್ಕೆ ಮೊದಲು ಹೂಂ ಅನ್ನುವುದು, ಆಮೇಲೆ ಕಲಿಯುವುದು ನಮ್ಮ ಲೈನಿನಲ್ಲಿ ಮಾಮೂಲಿ.

ಹ್ಯಾಲೋವೀನ್ ಅಂದರೇನು ಅಂತ ಅಮ್ಮನಿಗೆ ಹೇಳುವುದು ಕಷ್ಟವಾಗಲಿಲ್ಲ. ಐರ್ಲೆಂಡ್ ಕಡೆಯ ಹಳೇ ಹಬ್ಬ. ಚಳಿಗಾಲ ಶುರುವಾಗುವ ಆ ರಾತ್ರಿ ಸತ್ತವರು ತಿರುಗಾಡುತ್ತಾರೆ ಅಂತ ನಂಬಿಕೆ. ಜನ ವೇಷ ಹಾಕಿಕೊಂಡು ಮನೆ ಮನೆಗೆ ಹೋಗುತ್ತಾರೆ, ಮನೆಯವರು ತಿನ್ನಲು ಕೊಡುತ್ತಾರೆ. ಕುಂಬಳಕಾಯಿ ಕೊರೆದು ಒಳಗೆ ದೀಪ ಇಡುವುದು ಅಮೆರಿಕಕ್ಕೆ ಹೋದ ಮೇಲೆ ಬಂದದ್ದು, ಮೊದಲು ಟರ್ನಿಪ್ ಗೆಡ್ಡೆ ಕೊರೆಯುತ್ತಿದ್ದರಂತೆ. ಅಮ್ಮ ಕೊಪ್ಪದ ಕಡೆಯವಳು. "ಅದೇನು ಮಹಾ. ದೀಪಾವಳೀಲಿ ನಮ್ಮೂರಲ್ಲಿ ಅಂಟಿಗೆ ಪಂಟಿಗೆಯವರು ದೀಪ ಹಿಡ್ಕೊಂಡು ಹಾಡ್ತಾ ಮನೆ ಮನೆಗೆ ಬರ್ತಿರಲಿಲ್ವಾ? ಬೂರೆ ಹಬ್ಬದ ರಾತ್ರಿ ಹುಡುಗರು ಕುಂಬಳಕಾಯಿ ಕದೀತಿರಲಿಲ್ವಾ? ಅವರು ಕೊರೀತಾರೆ, ನಮ್ಮವರು ಕದೀತಾರೆ" ಅಂದಳು. ಅಲ್ಲಿಗೆ ಆ ವಿಷಯ ಮುಗಿಯಿತು.

ಕೆಲಸ ಶುರುವಾಗುವುದು ಮಣ್ಣಿನಿಂದ. ಗಣೇಶ ಮಾಡುವವರ ಹತ್ತಿರ ಉಳಿದಿದ್ದ ಜೇಡಿಮಣ್ಣು ತಂದೆ. ಹಳೇ ಬಟ್ಟೆ ಅಂಗಡಿಯ ಗೊಂಬೆಯ ತಲೆಯೊಂದು ಮನೆಯಲ್ಲಿ ಬಿದ್ದಿತ್ತು, ಅದರ ಮೇಲೇ ಮಣ್ಣು ಮೆತ್ತುತ್ತಾ ಹೋದೆ. ರಬ್ಬರ್ ಒಣಗಿದಾಗ ಕುಗ್ಗುತ್ತದೆ, 5ರಿಂದ 10 ಪರ್ಸೆಂಟ್. ಆದ್ದರಿಂದ ಮುಖ ಬೇಕಾದದ್ದಕ್ಕಿಂತ ಸ್ವಲ್ಪ ದೊಡ್ಡದಿರಬೇಕು. ಇಲ್ಲವಾದರೆ ದೆವ್ವ ಸಿದ್ಧವಾಗುತ್ತದೆ, ಹಾಕಿಕೊಳ್ಳುವವರ ತಲೆ ಒಳಗೆ ಹೋಗುವುದಿಲ್ಲ. ನನಗೆ ಬೇಕಿದ್ದದ್ದು ಜೋತುಬಿದ್ದ ಕೆನ್ನೆ, ಕುಳಿಬಿದ್ದ ಕಣ್ಣು, ಒಂದು ಕಡೆಗೆ ಎಳೆದುಕೊಂಡ ಬಾಯಿ. ಸುಕ್ಕುಗಳನ್ನು ಹೇರ್‌ಪಿನ್ನಿನಿಂದ ಗೀರಿದೆ. ಚರ್ಮದ ರಂಧ್ರಕ್ಕೆ ಕಿತ್ತಳೆ ಸಿಪ್ಪೆಯ ಹೊರಮೈಯನ್ನು ಮಣ್ಣಿನ ಮೇಲೆ ಒತ್ತಿದೆ. ಇದು ನಾನು ಕಂಡುಹಿಡಿದ ಉಪಾಯ ಅಂತ ಎರಡು ದಿನ ಬೀಗಿದ್ದೆ. ಆಮೇಲೆ ನೋಡಿದರೆ ಪ್ರಪಂಚದಲ್ಲಿ ಮುಖವಾಡ ಮಾಡುವವರೆಲ್ಲಾ ಅದನ್ನೇ ಮಾಡುತ್ತಾರೆ.

ಆಮೇಲೆ ಅಚ್ಚು. ಕಿವಿಯ ಹಿಂದೆ ಸುತ್ತಲೂ ಮಣ್ಣಿನದೇ ಒಂದು ಗೋಡೆ ಕಟ್ಟಿ ತಲೆಯನ್ನು ಮುಂದೆ ಹಿಂದೆ ಅಂತ ಎರಡು ಭಾಗ ಮಾಡಬೇಕು. ಗೋಡೆಯಲ್ಲಿ ಅಲ್ಲಲ್ಲಿ ಬೆರಳಿನಿಂದ ಗುಳಿ ಒತ್ತಬೇಕು. ನಾಳೆ ಎರಡು ಹೋಳು ಒಂದಕ್ಕೊಂದು ಸರಿಯಾಗಿ ಕೂರಲು ಅದೇ ಗುರುತು. ಮೊದಲು ಮುಂಭಾಗಕ್ಕೆ ಪಿಒಪಿ, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್. ತೆಳ್ಳಗೆ ಕಲಸಿದ ಮೊದಲ ಪದರವನ್ನು ಬ್ರಷ್ಷಿನಿಂದ ಊದುತ್ತಾ ಊದುತ್ತಾ ಹಚ್ಚಬೇಕು, ಸುಕ್ಕಿನೊಳಗೆ ಗುಳ್ಳೆ ನಿಲ್ಲಬಾರದು. ಅದರ ಮೇಲೆ ದಪ್ಪ ಪದರ, ನಡುವೆ ಗೋಣಿಚೀಲದ ಚೂರುಗಳು. ಕಾಫಿ ಊರಿನಲ್ಲಿ ಗೋಣಿಗೇನು ಬರವಿಲ್ಲ. ಪಿಒಪಿ ಗಟ್ಟಿಯಾಗುವಾಗ ತಾನಾಗಿ ಬಿಸಿಯಾಗುತ್ತದೆ. ಹೊರಗೆ ಮಳೆ ಹೊಯ್ಯುತ್ತಿತ್ತು, ನಾನು ಆ ಬಿಳೀ ಗಡ್ಡೆಯನ್ನು ತಬ್ಬಿಕೊಂಡು ಚಳಿ ಕಾಯಿಸುತ್ತಿದ್ದೆ. ಅದು ಗಟ್ಟಿಯಾದ ಮೇಲೆ ಗೋಡೆ ತೆಗೆದು, ಅಂಚಿಗೆ ಸೋಪು ನೀರು ಸವರಿ, ಹಿಂಭಾಗಕ್ಕೂ ಹಾಗೇ. ಎರಡನ್ನೂ ಬಿಡಿಸಿ ಒಳಗಿನ ಮಣ್ಣು ತೆಗೆಯುವಾಗ ಹತ್ತು ದಿನ ತಿದ್ದಿದ ಮುಖ ಚೂರು ಚೂರಾಗುತ್ತದೆ. ಮುಖ ಈಗ ಅಚ್ಚಿನೊಳಗೆ ಉಲ್ಟಾ ಇದೆ. ಮೂಗು ಇದ್ದಲ್ಲಿ ಗುಂಡಿ.

ರಬ್ಬರ್ ಹಾಲು ನಮ್ಮ ಜಿಲ್ಲೆಯಲ್ಲೇ ಇದೆಯಲ್ಲ, ದುಡ್ಡು ಯಾಕೆ ಕೊಡಬೇಕು ಅಂತ ನನ್ನ ಲೆಕ್ಕ. ಬಾಳೆಹೊನ್ನೂರು ದಾಟಿ ನರಸಿಂಹರಾಜಪುರದ ಕಡೆ ಹೋದರೆ ರಬ್ಬರ್ ತೋಟಗಳು ಸಿಗುತ್ತವೆ, ಕೇರಳದಿಂದ ಬಂದು ನೆಲೆಸಿದವರು ಬಹಳ. ಪರಿಚಯದ ಚೇಟ (ಮಲಯಾಳದಲ್ಲಿ ಅಣ್ಣ) ಒಬ್ಬರಿದ್ದಾರೆ. ಹಿಂದಿನ ರಾತ್ರಿಯೇ ಹೋಗಿ ಅವರ ಮನೆಯಲ್ಲಿ ಮಲಗಿದೆ, ಯಾಕೆಂದರೆ ಹಾಲಿಗಾಗಿ ಮರಕ್ಕೆ ಗಾಯ ಹಾಕುವುದು ಬೆಳಗಿನ ಜಾವ. ತಂಪು ಹೊತ್ತಿನಲ್ಲಿ ಹಾಲು ಚೆನ್ನಾಗಿ ಇಳಿಯುತ್ತದೆ, ಬಿಸಿಲೇರಿದರೆ ನಿಂತುಹೋಗುತ್ತದೆ. ಪ್ರತಿ ಮರಕ್ಕೂ ಪ್ಲಾಸ್ಟಿಕ್ಕಿನ ಲಂಗ ಕಟ್ಟಿದ್ದರು, ಮಳೆ ನೀರು ಗಾಯದ ಮೇಲೆ ಇಳಿಯದಿರಲಿ ಅಂತ. ಓರೆಯಾಗಿ ಕೊಯ್ದ ಗೆರೆಯಿಂದ ಬೆಳ್ಳಗೆ ಹಾಲು ತೊಟ್ಟಿಕ್ಕುತ್ತಿತ್ತು.

"ಇದು ನಿಮಗೆ ಆಗೋದಿಲ್ಲ ಸಾರ್" ಅಂದರು ಚೇಟ. ನಾನು ಕೇಳಲಿಲ್ಲ, ಐದು ಲೀಟರ್ ಕ್ಯಾನ್ ತುಂಬಿಸಿಕೊಂಡು ಬಸ್ಸು ಹತ್ತಿದೆ. ಮಾರನೇ ಬೆಳಗ್ಗೆ ಮುಚ್ಚಳ ತೆಗೆದರೆ ಗಟ್ಟಿ ಮೊಸರು. ವಾಸನೆ ಬೇರೆ! ಫೋನ್ ಮಾಡಿದೆ. ಅವರು ನಕ್ಕು ಪಾಠ ಹೇಳಿದರು. ಮರದ ಹಾಲಿನಲ್ಲಿ ಮೂರನೇ ಒಂದು ಪಾಲಿನಷ್ಟು ಮಾತ್ರ ರಬ್ಬರ್, ಉಳಿದದ್ದು ಹೆಚ್ಚುಕಡಿಮೆ ನೀರೇ. ಹೆಪ್ಪಾಗದಂತೆ ಅಮೋನಿಯಾ ಹಾಕಬೇಕು. ಹಾಗೇ ಒಣಗಿಸಿದರೂ ಅದು ಬಿಸಿಗೆ ಜಿಗುಟಾಗುತ್ತದೆ, ಎಳೆದರೆ ವಾಪಸ್ ಬರುವುದಿಲ್ಲ. ಗಂಧಕ ಸೇರಿಸಿ ಹದ ಮಾಡಿದ್ದೇ ಬೇಕು. ಈ ಗಂಧಕದ ಗುಟ್ಟನ್ನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡದ್ದು 1839ರಲ್ಲಿ. ನಾನು ಕಂಡುಕೊಂಡದ್ದು ಮೊಸರಿನ ಕ್ಯಾನ್ ತಿಪ್ಪೆಗೆ ಎಸೆದ ಮೇಲೆ.

ಕೊನೆಗೆ ಕೇರಳದಿಂದ ಹದ ಮಾಡಿದ ಲ್ಯಾಟೆಕ್ಸ್, ಅಂದರೆ ಅದೇ ರಬ್ಬರ್ ಹಾಲು, ತರಿಸಿದೆ. 60 ಪರ್ಸೆಂಟ್ ರಬ್ಬರ್ ಇರುವುದು, ಕೆನೆಹಾಲಿನಂತೆ ದಪ್ಪ. ಮುಚ್ಚಳ ತೆಗೆದ ತಕ್ಷಣ ಅಮೋನಿಯಾ ಮೂಗಿಗೆ ಹೊಡೆದು ಕಣ್ಣಲ್ಲಿ ನೀರು. ವಾರದಿಂದ ಸಗಣಿ ತೆಗೆಯದ ಕೊಟ್ಟಿಗೆ ನೆನಪಿಸಿಕೊಳ್ಳಿ, ಅದಕ್ಕಿಂತ ಜಾಸ್ತಿ. ಸುರಿಯಲು ಬಚ್ಚಲಿನ ತಾಮ್ರದ ಚೊಂಬು ಎತ್ತಿಕೊಂಡಿದ್ದೆ, ಪುಣ್ಯಕ್ಕೆ ಮೊದಲೇ ಓದಿದ್ದು ನೆನಪಾಯಿತು. ತಾಮ್ರ ತಾಗಿದರೆ ರಬ್ಬರ್ ಬೇಗ ಹಾಳಾಗುತ್ತದೆ. ಪ್ಲಾಸ್ಟಿಕ್ ಮಗ್ಗೇ ಸರಿ.

ಅಚ್ಚಿನ ಎರಡು ಹೋಳು ಸೇರಿಸಿ, ಹಳೇ ಸೈಕಲ್ ಟ್ಯೂಬಿನಿಂದ ಬಿಗಿಯಾಗಿ ಕಟ್ಟಿ, ಕುತ್ತಿಗೆ ಮೇಲೆ ಬರುವಂತೆ ತಲೆಕೆಳಗಾಗಿ ನಿಲ್ಲಿಸಿದೆ. ಸ್ವಲ್ಪ ಹಾಲು ಹಾಕಿ ಎಲ್ಲಾ ಕಡೆ ಹೊರಳಾಡಿಸಿ, ಆಮೇಲೆ ಕುತ್ತಿಗೆವರೆಗೆ ತುಂಬಿದೆ. ಇನ್ನು ಮುಂದೆ ಮಾಡುವವನ ಕೆಲಸ ಏನೂ ಇಲ್ಲ. ಪಿಒಪಿ ಹಾಲಿನಲ್ಲಿರುವ ನೀರನ್ನು ಹೀರುತ್ತದೆ. ನೀರು ಹೋದಲ್ಲಿ ರಬ್ಬರ್ ಅಚ್ಚಿನ ಗೋಡೆಗೆ ಚರ್ಮದಂತೆ ಕೂರುತ್ತದೆ. ಮುಕ್ಕಾಲು ಗಂಟೆ ಬಿಟ್ಟು ಉಳಿದ ಹಾಲನ್ನು ಬಕೆಟ್ಟಿಗೆ ವಾಪಸ್ ಸುರಿದುಬಿಟ್ಟರೆ ಒಳಗೆ ಎರಡು ಮೂರು ಮಿಲಿಮೀಟರ್ ದಪ್ಪದ ಮುಖ ಉಳಿಯುತ್ತದೆ. ಅಮೆರಿಕದ ಡಾನ್ ಪೋಸ್ಟ್ ಅನ್ನುವವರು 1938ರಲ್ಲಿ ಈ ತರಹದ ರಬ್ಬರ್ ಮುಖಗಳ ವ್ಯಾಪಾರ ಶುರು ಮಾಡಿದರು. ಅವರ ಕಂಪನಿಯದೇ ಎರಡು ಡಾಲರಿಗೂ ಕಡಿಮೆ ಬೆಲೆಯ ಮುಖವೊಂದಕ್ಕೆ ಬಿಳಿ ಬಣ್ಣ ಹೊಡೆದು 1978ರ ಒಂದು ದೊಡ್ಡ ಹೆದರಿಕೆ ಸಿನಿಮಾದ ಕೊಲೆಗಾರನಿಗೆ ಹಾಕಿದರು. ಅವತ್ತಿನಿಂದ ಇವತ್ತಿನವರೆಗೂ ಕೈಯಲ್ಲಿ ಮಾಡುವವರ ದಾರಿ ಹೆಚ್ಚುಕಡಿಮೆ ಇದೇ. ತುಂಬು, ಕಾಯಿ, ಸುರಿ, ಒಣಗಿಸು.

ಆ ಕೊನೆಯದೇ ನಮ್ಮೂರಿನಲ್ಲಿ ಆಗದ್ದು. ಅಕ್ಟೋಬರ್, ಹಿಂಗಾರು. ಗಿರಿ ಮೇಲಿನ ಮೋಡ ಮನೆ ಬಾಗಿಲವರೆಗೂ ಬಂದು ನಿಂತಿರುತ್ತಿತ್ತು. ಒಣ ಊರಿನಲ್ಲಿ ಒಂದು ದಿನದಲ್ಲಿ ಆಗುವುದು ಇಲ್ಲಿ ಮೂರು ದಿನವಾದರೂ ಇಲ್ಲ. ಅಚ್ಚೇ ಹಸಿ ಇದ್ದರೆ ಅದು ಇನ್ನೆಲ್ಲಿ ನೀರು ಹೀರುತ್ತದೆ? ಟೇಬಲ್ ಫ್ಯಾನ್ ಇಟ್ಟೆ, ಕರೆಂಟ್ ಹೋಯಿತು. ಬಚ್ಚಲು ಒಲೆಯ ಹತ್ತಿರ ಇಟ್ಟರೆ ಇನ್ನೊಂದು ತಾಪತ್ರಯ. ಬಿಸಿ 50 ಡಿಗ್ರಿ ದಾಟಿದರೆ ಪಿಒಪಿ ನಿಧಾನಕ್ಕೆ ಪುಡಿಯಾಗಲು ಶುರುವಾಗುತ್ತದೆ. ನಾಲ್ಕನೇ ದಿನ ತಾಳ್ಮೆ ತಪ್ಪಿ ಅಚ್ಚು ಬಿಚ್ಚಿದೆ. ಒಳಗೆ ಪೌಡರ್ ಹಾಕಬೇಕು ಅಂತ ಎಲ್ಲೋ ಓದಿದ್ದೆ. ಅವಸರದಲ್ಲಿ ಮರೆತೆ. ಹೊಸ ಲ್ಯಾಟೆಕ್ಸಿಗೆ ಹೊಸ ಲ್ಯಾಟೆಕ್ಸ್ ತಾಗಿದರೆ ಮುಗೀತು, ಗಂಡ ಹೆಂಡತಿ ಬಿಡಿಸಬಹುದು, ಅದನ್ನು ಬಿಡಿಸಲಾಗದು. ಅದೇ ಶುರುವಿನಲ್ಲಿ ಹೇಳಿದ ಮುದ್ದೆ.

ಎರಡನೇ ಸಲ ಅಮ್ಮ ಉಸ್ತುವಾರಿಗೆ ನಿಂತಳು. ಕುತ್ತಿಗೆಯ ತೂತಿನಿಂದ ಒಳಗೆ ಟಾರ್ಚ್ ಬಿಟ್ಟು ನೋಡಿ, "ಇನ್ನೂ ಆಗಿಲ್ಲ. ಗಲ್ಲದ ಹತ್ತಿರ ಬೆಳ್ಳಗಿದೆ ನೋಡು, ಅಲ್ಲಿ ಹಸಿ" ಅಂದಳು. ಸರಿಯಾಗಿಯೇ ಹೇಳಿದ್ದಳು. ಒಣಗಿದ ಲ್ಯಾಟೆಕ್ಸ್ ಜೇನಿನ ಬಣ್ಣಕ್ಕೆ ತಿರುಗುತ್ತದೆ, ಹಸಿ ಇರುವ ಕಡೆ ಮಾತ್ರ ಹಾಲಿನ ಬಿಳುಪು ಉಳಿದಿರುತ್ತದೆ. ನಲವತ್ತು ವರ್ಷ ಸಂಡಿಗೆ ಒಣಗಿಸಿದ ಕಣ್ಣಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಮಾರನೇ ದಿನ ಆಗಬಹುದು ಅಂದಳು. ಮನೆಯಲ್ಲಿ ಟಾಲ್ಕಂ ಪೌಡರ್ ಇರಲಿಲ್ಲ. ರೊಟ್ಟಿಗೆ ಅಂತ ನುಣ್ಣಗೆ ಜರಡಿ ಹಿಡಿದಿಟ್ಟ ಅಕ್ಕಿ ಹಿಟ್ಟನ್ನೇ ತಂದು ಕೊಟ್ಟಳು.

ಒಳಗೆಲ್ಲಾ ಹಿಟ್ಟು ಉದುರಿಸಿ, ಬಣ್ಣದ ಬ್ರಷ್ಷಿನಿಂದ ಮೂಗಿನ ಗುಂಡಿಯೊಳಗೂ ತುರುಕಿದೆ. ಕುತ್ತಿಗೆಯ ಅಂಚನ್ನು ಉಗುರಿನಿಂದ ಎಬ್ಬಿಸಿ ಒಂದಿಂಚು ಎಳೆದೆ. ಚರ್‍ರ್ ಅಂತ ಸದ್ದು. ಬಿಟ್ಟ ಕಡೆ ಮತ್ತೆ ಹಿಟ್ಟು. ಮತ್ತೆ ಒಂದಿಂಚು. ಗಲ್ಲ ಬಂತು, ತುಟಿ ಬಂತು. ಮೂಗಿನ ಹತ್ತಿರ ಇಬ್ಬರೂ ಮಾತು ನಿಲ್ಲಿಸಿದೆವು. ಅದೂ ಪಳಕ್ಕನೆ ಬಂತು. ಪೂರ್ತಿ ಬಂದ ಮೇಲೆ ಅದು ಹಿಟ್ಟು ಮೆತ್ತಿದ, ಎಲುಬಿಲ್ಲದ ಒಂದು ಮುದುಕನ ತಲೆ. ಕೈ ಒಳಗೆ ಹಾಕಿ ಎತ್ತಿ ಹಿಡಿದೆ. ಸುಕ್ಕು, ಕಿತ್ತಳೆ ಸಿಪ್ಪೆಯ ರಂಧ್ರ, ಎಲ್ಲಾ ಇತ್ತು. ಎಡ ದವಡೆಯ ಕೆಳಗೆ ಒಂದು ಹೆಬ್ಬೆರಳಿನ ಗುರುತೂ ಇತ್ತು, ಗೆರೆ ಗೆರೆಯಾಗಿ, ರಿಜಿಸ್ಟ್ರಾರ್ ಆಫೀಸಿನಲ್ಲಿ ಒತ್ತಿದ ಹಾಗೆ. ಮಣ್ಣು ತಿದ್ದುವಾಗ ಯಾವತ್ತೋ ಒತ್ತಿದ್ದು ನನ್ನದೇ. ಅಲ್ಲಿಂದ ಪಿಒಪಿಗೆ, ಪಿಒಪಿಯಿಂದ ರಬ್ಬರಿಗೆ ಬಂದಿತ್ತು. ಅದನ್ನು ಮುಚ್ಚಲು ಮನಸ್ಸಾಗಲಿಲ್ಲ.

ಬಣ್ಣ ಮಾತ್ರ ನನ್ನ ಕ್ಷೇತ್ರ ಅಂದುಕೊಂಡಿದ್ದೆ. ಇಪ್ಪತ್ತು ವರ್ಷದ ಅಭ್ಯಾಸ, ಎನಾಮಲ್ ಡಬ್ಬ ತೆಗೆದೆ. ಚೆನ್ನಾಗಿ ಹತ್ತಿತು. ಹಾಕಿಕೊಳ್ಳಲು ಎಳೆದಾಗ ಬೇಸಿಗೆಯ ಕೆರೆಯಂತೆ ಬಿರುಕು ಬಿಟ್ಟು ಹಕ್ಕಳೆ ಉದುರಿತು. ರಬ್ಬರ್ ಎಳೆದರೆ ಬಣ್ಣವೂ ಜೊತೆಗೆ ಹಿಗ್ಗಬೇಕು ತಾನೇ? ಆಮೇಲೆ ಲ್ಯಾಟೆಕ್ಸಿಗೇ ಸ್ಟೇನರ್ (ಪೇಂಟಿಗೆ ಬೆರೆಸುವ ಗಾಢ ಬಣ್ಣ) ಬೆರೆಸಿ ಸ್ಪಂಜಿನಿಂದ ಒತ್ತಿದೆ. ಅಲ್ಲೂ ಒಂದು ಮೋಸ. ಹಸಿ ಇದ್ದಾಗ ಹಾಲಿನ ಬಿಳುಪು ಸೇರಿ ಬಣ್ಣ ತಿಳಿಯಾಗಿ ಕಾಣುತ್ತದೆ, ಒಣಗಿದ ಮೇಲೆ ಗಾಢ. ಬೂದಿ ಹಸಿರು ಅಂದುಕೊಂಡು ಹಚ್ಚಿದ್ದು ಪಾಚಿ ಹಸಿರಾಯಿತು. ದೆವ್ವಕ್ಕೆ ನಡೆಯುತ್ತದೆ. ಕಣ್ಣಿನ ತೂತನ್ನು ಸಣ್ಣ ಕತ್ತರಿಯಿಂದ ಕತ್ತರಿಸಿದೆ, ಎರಡು ಹೋಳು ಸೇರುವ ಕಡೆ ಬಂದಿದ್ದ ಏಣನ್ನು ಸವರಿ ತೆಗೆದೆ. ಕೂದಲಿಗೆ ಕತ್ತಾಳೆ ನಾರು ಅಂಟಿಸಿದೆ. ವೇಷಕ್ಕೆ ಅಮ್ಮ ಕಾಫಿ ಗೋಣಿಗಳನ್ನು ಹರಿದು, ಕಾಫಿ ಚರಟದಲ್ಲಿ ಕುದಿಸಿ ಕಂದು ಬಣ್ಣ ಬರಿಸಿ, ನಿಲುವಂಗಿಯಂತೆ ಹೊಲಿದಳು. ಸತ್ಯ ಹೇಳಬೇಕೆಂದರೆ ಮುಖಕ್ಕಿಂತ ಆ ಅಂಗಿಯೇ ಜಾಸ್ತಿ ಹೆದರಿಸುತ್ತಿತ್ತು.

ಅಚ್ಚಿನಿಂದ ತೆಗೆದ ಮೇಲೂ ರಬ್ಬರ್ ಪೂರ್ತಿ ಒಣಗಿರುವುದಿಲ್ಲ. ಹೊರಗೆ ನೇತುಹಾಕಲು ಬಿಸಿಲಿರಲಿಲ್ಲ, ಬಿಸಿಲಿದ್ದರೂ ರಬ್ಬರಿಗೆ ಆಗಿಬರುವುದಿಲ್ಲ. ಅಮ್ಮ ನನ್ನನ್ನು ಕೇಳದೇ ಒಂದೊಂದನ್ನೇ ಬಚ್ಚಲು ಒಲೆಯ ಮೇಲಿನ ಗಳಕ್ಕೆ ನೇತುಹಾಕಿದಳು. ಸಿಲ್ವರ್ ಓಕ್ ಸೌದೆಯ ಹೊಗೆ. ಚೇಟನ ತೋಟದ ಹೊಗೆಮನೆಯಲ್ಲಿ ರಬ್ಬರ್ ಶೀಟುಗಳು ಹೀಗೇ ಸಾಲಾಗಿ ನೇತಾಡುತ್ತಿದ್ದದ್ದು ನೆನಪಾಯಿತು, ಆದ್ದರಿಂದ ಸುಮ್ನಿದ್ದೆ. ಬೆಳಗ್ಗೆ ಐದಕ್ಕೆ ನೀರು ಕಾಯಿಸಲು ಹೋಗುವಾಗ ಮಾತ್ರ ಅವಳೇ ಬೆಚ್ಚಿ, ಅವಳೇ ಬೈದುಕೊಳ್ಳುತ್ತಿದ್ದಳು.

ಆರು ಅಂದಿದ್ದೆ, ನಾಲ್ಕೇ ಆದವು. 31ರ ಸಂಜೆ ಬೈಕಿಗೆ ಮೂಟೆ ಕಟ್ಟಿಕೊಂಡು ಕೈಮರ ದಾಟಿ ಹೋದೆ. ಹೋಂಸ್ಟೇಯವರು ಎರಡು ಕಡಿಮೆ ಅಂತ ಮುಖ ಗಂಟು ಹಾಕಿ, ಅಡ್ವಾನ್ಸ್ ಬಿಟ್ಟು ಉಳಿದದ್ದು ಮುಂದಿನ ವಾರ ಅಂದರು. ಆ ಮುಂದಿನ ವಾರ ಇನ್ನೂ ಬಂದಿಲ್ಲ, ಇರಲಿ. ಮಳೆಗೆ ಕ್ಯಾಂಪ್‌ಫೈರ್ ಆಗಲಿಲ್ಲ, ಎಲ್ಲರೂ ವರಾಂಡದಲ್ಲಿ ಸೇರಿದ್ದರು. ಉದ್ದ ಕೂದಲಿನ ಹುಡುಗನೊಬ್ಬ ಮುಖ ಹಾಕಿಕೊಂಡು ಗೋಣಿ ಅಂಗಿಯಲ್ಲಿ ಮೆಟ್ಟಿಲಿಳಿದ. ಹುಡುಗಿಯರು ನಿಜವಾಗಿಯೂ ಕಿರುಚಿದರು. ನನಗೆ ಎದೆಯುಬ್ಬಿತು. ಎರಡು ನಿಮಿಷಕ್ಕೆ ಅವನೇ ಕಿತ್ತು ತೆಗೆದ. ಲ್ಯಾಟೆಕ್ಸಿನೊಳಗೆ ಗಾಳಿಯಾಡುವುದಿಲ್ಲ, ಮುಖವೆಲ್ಲಾ ಬೆವರು, ಹಣೆಗೆ ಅಕ್ಕಿ ಹಿಟ್ಟು ಮೆತ್ತಿಕೊಂಡಿತ್ತು.

"ಸೂಪರ್ ಆಗಿದೆ ಅಂಕಲ್" ಅಂದ. "ಆದ್ರೆ ಒಳಗೆ ಏನೋ ವಾಸನೆ. ಸುಟ್ಟ ವಾಸನೆ. ಸ್ಪೆಷಲ್ ಎಫೆಕ್ಟಾ?"

ನಾನು ಏನು ಹೇಳಲಿ ಅಂತ ಯೋಚಿಸುತ್ತಿದ್ದೆ. ಬಜ್ಜಿ ತಟ್ಟೆ ಹಿಡಿದು ಬಂದ ಅಡುಗೆಯಮ್ಮ ಅದನ್ನು ಅವನ ಕೈಯಿಂದ ತೆಗೆದುಕೊಂಡು, ಒಳಗೆ ಮೂಗು ಹಾಕಿ ಮೂಸಿದರು.

"ಬಚ್ಚಲು ಮನೆ ವಾಸನೆ ಅಲ್ವಾ ಇದು" ಅಂದರು ನನ್ನ ಕಡೆ ತಿರುಗಿ. "ನಿಮ್ಮನೇಲಿ ಇನ್ನೂ ಸೌದೆ ಒಲೆನಾ?"