ಶೇಕ್ ಕೀನ್ ಧ್ವನಿ ಸರಣಿ: ಐದನೆಯ ಭಾಗದಲ್ಲಿ ನಿಂತ ಗಾಡಿ

ಮೊದಲ ಮೂರು ಭಾಗಗಳು ಸಿದ್ಧವಾಗಿವೆ. ನಾಲ್ಕನೆಯದರಲ್ಲಿ ಧ್ವನಿಯ ಏರಿಳಿತ ಸರಿಪಡಿಸುವುದು ಬಾಕಿ. ಒಂದು ಸಂಜೆ ಕೂತರೆ ಆಗುವ ಕೆಲಸ. ಗಾಡಿ ನಿಂತಿರುವುದು ಐದನೆಯದರಲ್ಲಿ, ಅದೂ ಯಂತ್ರದ ತೊಂದರೆಯಿಂದಲ್ಲ.

ಹಿಂದಿನ ವರದಿಗಳನ್ನು ನೋಡದವರಿಗಾಗಿ: ಕೆರಿಬಿಯನ್ನಿನ ಸೇಂಟ್ ವಿನ್ಸೆಂಟ್ ದ್ವೀಪದಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಹೆಸರು ಮಾಡಿದ ಜಾಝ್ ಟ್ರಂಪೆಟ್ ವಾದಕ ಶೇಕ್ ಕೀನ್ ಅವರ ಬದುಕಿನ ಮೇಲೆ ಕನ್ನಡದಲ್ಲಿ ಆರು ಭಾಗಗಳ ಸರಣಿಯೊಂದನ್ನು ಮನೆಯಲ್ಲೇ ಮಾಡುತ್ತಿದ್ದೇನೆ. ಕೇಳುವವರು ತಿಂಗಳಿಗೊಮ್ಮೆ ಸೇರುವ ನಮ್ಮ ಗುಂಪಿನವರಷ್ಟೇ. ನನ್ನ ಮಾತು ನಿಂತ ಕಡೆ ಮೂಲ ಮುದ್ರಿಕೆಯನ್ನು ಹಾಕಿ ಕೇಳಿಸುತ್ತೇವೆ, ಮತ್ತೆ ಮಾತು ಮುಂದುವರಿಯುತ್ತದೆ. ಸಂಗೀತವನ್ನು ಕತ್ತರಿಸಿ ಮಾತಿನ ಕೆಳಗೆ ಹಾಸುವುದು ನನಗೆ ಆಗದ ಸಂಗತಿ.

ಧ್ವನಿಮುದ್ರಣದ ಮಟ್ಟಿಗೆ ಈ ಸಲ ಒಂದು ಗೆಲುವು ಸಿಕ್ಕಿತು. ಬಟ್ಟೆಯ ಬೀರುವಿನ ಬಾಗಿಲು ತೆರೆದು, ಅದರೊಳಕ್ಕೆ ಮುಖ ಮಾಡಿ ಓದಿದರೆ ಕೋಣೆಯ ಮಾರ್ದನಿ ಬಹುಪಾಲು ಅಡಗುತ್ತದೆ. ಫ್ಯಾನ್ ಆರಿಸಲೇಬೇಕು, ಬೆವರು ಸುರಿದರೂ ಸರಿ. ಕನ್ನಡ ಓದುವವರಿಗೆ ಮಹಾಪ್ರಾಣಗಳ ಕಾಟ ಬೇರೆ: ‘ಭಾಗ’, ‘ಫ್ಲೂಗಲ್‌ಹಾರ್ನ್’ ಎಂದಾಗಲೆಲ್ಲ ಮೈಕಿಗೆ ಗಾಳಿ ಬಡಿದು ‘ಧಪ್’ ಎನ್ನುತ್ತದೆ. ಮೈಕನ್ನು ಬಾಯಿಗೆ ನೇರವಾಗಿ ಹಿಡಿಯದೆ ಕೆನ್ನೆಯ ಕಡೆಗೆ ಸರಿಸಿದ ಮೇಲೆ ತೊಂದರೆ ಹೋಯಿತು. ಟ್ರಂಪೆಟ್ಟಿನ ದಾಯಾದಿಯಾದ ಫ್ಲೂಗಲ್‌ಹಾರ್ನಿನ ಹೆಸರನ್ನು ಬಿಡುವಂತೆಯೂ ಇಲ್ಲ, ಏಕೆಂದರೆ ಕೀನ್ ಅವರ ಅರ್ಧ ಜೀವ ಆ ವಾದ್ಯದಲ್ಲಿತ್ತು.

ಆ ವಾದ್ಯವನ್ನು ಮಾತಿನಲ್ಲಿ ವಿವರಿಸಿ ಸೋತು, ನಮ್ಮ ಬಡಾವಣೆಯ ಬ್ಯಾಂಡ್‌ಸೆಟ್‌ನಲ್ಲಿ ಬಹುಕಾಲ ಟ್ರಂಪೆಟ್ ಊದಿದ ಹಿರಿಯರೊಬ್ಬರನ್ನು ಮನೆಗೆ ಕರೆದೆ. ಅವರ ಟ್ರಂಪೆಟ್ಟಿನ ಮೂರು ಗುಂಡಿಗಳನ್ನು ಒಂದೊಂದಾಗಿ ಒತ್ತಿಸಿ ಮುದ್ರಿಸಿಕೊಂಡೆ. ನಡುವಿನ ಗುಂಡಿ ಶ್ರುತಿಯನ್ನು ಒಂದು ಸ್ವರಸ್ಥಾನ ಇಳಿಸುತ್ತದೆ, ಮೊದಲನೆಯದು ಎರಡು, ಮೂರನೆಯದು ಮೂರು. ಉಳಿದದ್ದೆಲ್ಲ ತುಟಿ ಮತ್ತು ಉಸಿರಿನ ಕೆಲಸ. ಗುಂಡಿಯನ್ನು ಪೂರ್ತಿ ಒತ್ತದೆ ಅರ್ಧಕ್ಕೆ ಹಿಡಿದಾಗ ನಾದ ಹಿಸುಕಿದಂತಾಗಿ ಜಾರುತ್ತದಲ್ಲ, ಅದನ್ನು ಊದಿ ತೋರಿಸಿ ಎಂದಾಗ ಅವರು ನಕ್ಕರು. “ಮದುವೆ ಮನೆಯಲ್ಲಿ ಹೀಗೆ ಊದಿದರೆ ಕೂಲಿ ಕೊಡುವುದಿಲ್ಲ, ಸರ್.” “ಇವರಿಗೆ ಕೊಟ್ಟರು, ಮೇಷ್ಟ್ರೇ” ಎಂದು ಕೀನ್ ಅವರ ಮುದ್ರಿಕೆಯೊಂದನ್ನು ಹಾಕಿದೆ. ಕಣ್ಣು ಮುಚ್ಚಿ ಕೇಳಿ, ಇವರು ಎರಡು ವಾದ್ಯ ಇಟ್ಟುಕೊಂಡಿದ್ದಾರೆ ಎಂದು ತಾವಾಗಿಯೇ ಕಂಡುಹಿಡಿದರು. ಟ್ರಂಪೆಟ್ಟಿನ ಕೊಳವೆ ಬಹುದೂರ ಒಂದೇ ಅಗಲದಲ್ಲಿ ಸಾಗಿ ಕೊನೆಗೆ ಅರಳುತ್ತದೆ. ಫ್ಲೂಗಲ್‌ಹಾರ್ನಿನ ಕೊಳವೆ ಬಾಯಿಯ ಕಡೆಯಿಂದಲೇ ಹಿಗ್ಗುತ್ತಾ ಹೋಗುತ್ತದೆ. ಉದ್ದ ಎರಡಕ್ಕೂ ಹೆಚ್ಚುಕಡಿಮೆ ಒಂದೇ, ಶ್ರುತಿಯೂ ಒಂದೇ. ಆದರೆ ಒಂದರ ನಾದಕ್ಕೆ ಅಂಚಿದೆ, ಇನ್ನೊಂದರದ್ದು ದುಂಡಗಿದೆ. ಈ ಮುದ್ರಣ ಮೂರನೆಯ ಭಾಗದ ಆರಂಭಕ್ಕೆ ಸೇರಿತು. ಇಡೀ ಸರಣಿಯಲ್ಲಿ ನನಗೆ ಅತ್ಯಂತ ಇಷ್ಟವಾದ ತುಣುಕು ಇದೇ, ನನ್ನ ಧ್ವನಿ ಅದರಲ್ಲಿ ಕಡಿಮೆ ಇರುವುದೂ ಒಂದು ಕಾರಣ.

ಮೊದಲ ಭಾಗ ಬಾಲ್ಯದ್ದು. ಎಲ್ಸ್‌ವರ್ತ್ ಮೆಕ್‌ಗ್ರನಹನ್ ಕೀನ್ ಹುಟ್ಟಿದ್ದು 1927ರ ಮೇ 30ರಂದು, ಕಿಂಗ್ಸ್‌ಟೌನ್‌ನಲ್ಲಿ. ಜಮೈಕಾದ ಕಿಂಗ್ಸ್‌ಟನ್ ಅಲ್ಲ. ಗುಂಪಿನಲ್ಲಿ ಈ ಗೊಂದಲ ಪ್ರತಿಸಲ ಏಳುತ್ತದೆ. ಟ್ರಂಪೆಟ್ ಕಲಿಸಿದ್ದು ತಂದೆ ಚಾರ್ಲ್ಸ್. ಆರನೆಯ ವಯಸ್ಸಿಗೇ ಹುಡುಗ ಸಭೆಯ ಮುಂದೆ ಊದಿದ. ಹದಿಮೂರಾಗಿದ್ದಾಗ ತಂದೆ ತೀರಿಕೊಂಡರು, ಮರುವರ್ಷ ಅಣ್ಣತಮ್ಮಂದಿರದೇ ಬ್ಯಾಂಡಿಗೆ ಅವನು ನಾಯಕನಾದ. ಶಾಲೆಯಲ್ಲಿ ಪದ್ಯದ ಹುಚ್ಚು ನೋಡಿ ಗೆಳೆಯರು ಶೇಕ್ಸ್‌ಪಿಯರ್ ಎಂದು ಕರೆಯುತ್ತಿದ್ದರು, ಅದೇ ಸವೆದು ‘ಶೇಕ್’ ಆಯಿತು. ಊರು ಬಿಡುವ ಮೊದಲೇ ‘ಲೂಬ್ಲಿ’ ಮತ್ತು ‘ಇಕ್ಸಿಯನ್’ ಎಂಬ ಎರಡು ಕವನ ಸಂಕಲನಗಳು ಬಂದಿದ್ದವು, 1950 ಮತ್ತು 1952ರಲ್ಲಿ. ಹಡಗು ಹತ್ತಿದ ಮನುಷ್ಯ ಕವಿ. ಟ್ರಂಪೆಟ್ ಸಾಮಾನಿನ ಜೊತೆಗಿತ್ತು. ಇಡೀ ಸರಣಿ ನಿಂತಿರುವುದು ಈ ಮಾತಿನ ಮೇಲೆ.

1952ರಲ್ಲಿ ಲಂಡನ್. ಬಿಬಿಸಿಯ ‘ಕೆರಿಬಿಯನ್ ವಾಯ್ಸಸ್’ ಕಾರ್ಯಕ್ರಮದಲ್ಲಿ ಕವಿತೆ ಓದುವುದು, ಲೇಖಕರನ್ನು ಸಂದರ್ಶಿಸುವುದು ಹಗಲಿನ ಕಸುಬು. ವಿ. ಎಸ್. ನೈಪಾಲ್ ಕೂಡ ಕೆಲಕಾಲ ಸಂಪಾದಿಸಿದ ಕಾರ್ಯಕ್ರಮ ಅದು. ರಾತ್ರಿ ಕ್ಲಬ್ಬುಗಳಲ್ಲಿ ಕ್ಯಾಲಿಪ್ಸೊ, ಮೆಂಟೊ ಎಂಬ ಕೆರಿಬಿಯನ್ ಸಂಗೀತ, ಪಶ್ಚಿಮ ಆಫ್ರಿಕಾದ ಹೈಲೈಫ್ ಸಂಗೀತ, ಸಿಕ್ಕಿದ್ದೆಲ್ಲ ಊದುವುದು. ಈ ಎರಡನೆಯ ಭಾಗ ಬೇಗ ಮುಗಿಯಿತು.

ಮೂರನೆಯದು ಜೋ ಹ್ಯಾರಿಯಟ್ ಅವರದ್ದು, ಅದಕ್ಕೆ ಜಾಗ ಧಾರಾಳವಾಗಿ ಕೊಟ್ಟಿದ್ದೇನೆ. ಹ್ಯಾರಿಯಟ್ ಜಮೈಕಾದ ಆಲ್ಟೊ ಸ್ಯಾಕ್ಸೊಫೋನ್ ವಾದಕ. ಕಾಯಿಲೆಯಿಂದ ಆಸ್ಪತ್ರೆಯಲ್ಲಿ ಮಲಗಿದ್ದಾಗ ಹೊಸ ಬಗೆಯ ಸಂಗೀತವೊಂದನ್ನು ಕಲ್ಪಿಸಿಕೊಂಡು ಎದ್ದುಬಂದವರು. 1960ರ ಕೊನೆಯಲ್ಲಿ ಮುದ್ರಿತವಾದ ‘ಫ್ರೀ ಫಾರ್ಮ್’ ಅದರ ಮೊದಲ ಫಲ. ಕೀನ್, ಪಿಯಾನೊದಲ್ಲಿ ಪ್ಯಾಟ್ ಸ್ಮೈಥ್, ಬೇಸ್‌ನಲ್ಲಿ ಜಮೈಕಾದವರೇ ಆದ ಕೋಲ್‌ರಿಜ್ ಗುಡ್, ಡ್ರಮ್ಸ್‌ನಲ್ಲಿ ಫಿಲ್ ಸೀಮನ್. ಅಮೆರಿಕದಲ್ಲಿ ಸ್ಯಾಕ್ಸೊಫೋನ್ ವಾದಕ ಆರ್ನೆಟ್ ಕೋಲ್ಮನ್ ‘ಫ್ರೀ ಜಾಝ್’ ಮುದ್ರಿಸಿದ್ದು ಅದೇ ವರ್ಷದ ಡಿಸೆಂಬರಿನಲ್ಲಿ. ಯಾರು ಯಾರನ್ನು ನೋಡಿ ಕಲಿತರು ಎಂಬ ಜಗಳ ನಮ್ಮ ಗುಂಪಿನಲ್ಲೂ ನಡೆಯಿತು. ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿಸಿದ ಮೇಲೆ ಜಗಳ ತಾನಾಗಿಯೇ ನಿಂತಿತು, ಸ್ವಭಾವವೇ ಬೇರೆ. ಕೋಲ್ಮನ್ ಅವರದ್ದು ಇಬ್ಬರು ಡ್ರಮ್ಸ್ ವಾದಕರ ದೊಡ್ಡ ಪಡೆ, ಒಂದೇ ಓಟ. ಹ್ಯಾರಿಯಟ್ ಅವರದ್ದು ಐದು ಜನ ಒಬ್ಬರನ್ನೊಬ್ಬರು ಆಲಿಸುತ್ತಾ ನಿಲ್ಲುವುದು, ಸುಮ್ಮನಿರುವುದೂ ಅದರಲ್ಲಿ ಸೇರಿದೆ.

ಇದನ್ನು ಕರ್ನಾಟಕ ಸಂಗೀತ ಬಲ್ಲವರಿಗೆ ಹೇಳುವುದು ಕಷ್ಟವಾಗಲಿಲ್ಲ. ಸ್ಥಿರವಾದ ತಾಳ, ಪಲ್ಲವಿಯಂತೆ ಮರಳುವ ವಸ್ತು, ಮೊದಲೇ ನಿಗದಿಯಾದ ಸ್ವರಮೇಳಗಳ ಸರಣಿ, ಆವರ್ತಗಳ ಲೆಕ್ಕ, ಇವುಗಳಲ್ಲಿ ಪ್ರತಿ ರಚನೆಯೂ ಒಂದನ್ನಾದರೂ ಉಳಿಸಿಕೊಳ್ಳಬೇಕು, ಉಳಿದದ್ದನ್ನು ಬಿಡಬಹುದು. ಹ್ಯಾರಿಯಟ್ ಹಾಕಿಕೊಂಡ ಕಟ್ಟಳೆ ಅಷ್ಟೇ. ಮನೋಧರ್ಮ ಎಂದರೆ ಏನೆಂದು ತಿಳಿದವರು, ಇಲ್ಲಿ ಏನು ಉಳಿಯಿತು, ಏನು ಹೋಯಿತು ಎಂದು ಬೆರಳು ಮಡಿಸುತ್ತಾ ಕೇಳಿದರು. ಇದರ ನಂತರ ಬಂದ ‘ಆಬ್‌ಸ್ಟ್ರ್ಯಾಕ್ಟ್’ಗೆ ಅಮೆರಿಕದ ‘ಡೌನ್ ಬೀಟ್’ ಪತ್ರಿಕೆ ಐದಕ್ಕೆ ಐದು ನಕ್ಷತ್ರ ಕೊಟ್ಟಿತು. ಅದರಿಂದ ಹೊಟ್ಟೆ ತುಂಬಲಿಲ್ಲ ಎಂಬುದು ಬೇರೆ ಮಾತು.

ನಾಲ್ಕನೆಯ ಭಾಗದಲ್ಲಿ ಭಾರತದ ನಂಟು ಬರುತ್ತದೆ. ಕಲ್ಕತ್ತದಲ್ಲಿ ಹುಟ್ಟಿದ ಜಾನ್ ಮೇಯರ್ ಸಂಯೋಜಿಸಿದ ‘ಇಂಡೊ-ಜಾಝ್ ಫ್ಯೂಷನ್ಸ್’ನಲ್ಲಿ ದಿವಾನ್ ಮೋತಿಹಾರ್ ಸಿತಾರ್, ಕೇಶವ ಸಾಠೆ ತಬಲಾ ನುಡಿಸಿದರೆ ಹ್ಯಾರಿಯಟ್ ಪಕ್ಕದಲ್ಲಿ ಕೀನ್ ಇದ್ದರು. ಇದನ್ನೇ ಮೊದಲು ಕೇಳಿಸಿ ಎಂಬ ಬೇಡಿಕೆ ಶುರುವಿನಿಂದ ಇದೆ. ಕೊಟ್ಟಿದ್ದೇನೆ, ಆದರೆ ಬೇಕೆಂದೇ ಚಿಕ್ಕದಾಗಿ. ಅದು ಮೇಯರ್ ಮತ್ತು ಹ್ಯಾರಿಯಟ್ ಅವರ ಕಥೆ. ತಬಲಾ ಕೇಳಿದ ಕೂಡಲೇ ನಮ್ಮವರು ಬಂದರೆಂದು ಕಿವಿ ಅತ್ತ ತಿರುಗಿದರೆ ಟ್ರಂಪೆಟ್ ಹಿಂದೆ ಉಳಿಯುತ್ತದೆ.

ನಾನು ಹೆಚ್ಚು ಹೊತ್ತು ಕಳೆದದ್ದು 1963ರ ಆಸುಪಾಸಿನ ‘ಪೊಯೆಟ್ರಿ ಅಂಡ್ ಜಾಝ್ ಇನ್ ಕಾನ್ಸರ್ಟ್’ ಮೇಲೆ. ಪಿಯಾನೊ ವಾದಕ ಮೈಕೆಲ್ ಗ್ಯಾರಿಕ್ ಅವರ ತಂಡ ನುಡಿಸುತ್ತಿತ್ತು, ಡ್ಯಾನಿ ಆಬ್ಸಿ, ಲಾರಿ ಲೀ, ಏಡ್ರಿಯನ್ ಮಿಚೆಲ್ ಮುಂತಾದ ಬ್ರಿಟನ್ನಿನ ಕವಿಗಳು ಓದುತ್ತಿದ್ದರು. ಎರಡು ಸಂಕಲನ ಪ್ರಕಟಿಸಿ ಬಂದಿದ್ದ ಕವಿಯೊಬ್ಬರು ಅದೇ ವೇದಿಕೆಯಲ್ಲಿ ಟ್ರಂಪೆಟ್ ಹಿಡಿದಿದ್ದರು. ಅವರನ್ನು ಕರೆದದ್ದು ಊದುವುದಕ್ಕೆ. ಇದರಲ್ಲಿ ಅನ್ಯಾಯ ಹುಡುಕಿ ದೊಡ್ಡ ದನಿ ಮಾಡುವ ಮನಸ್ಸಿಲ್ಲ. ಆದರೂ ಬರವಣಿಗೆಯಲ್ಲಿ ಆ ವಾಕ್ಯವನ್ನು ಒಂಟಿಯಾಗಿ ಬಿಟ್ಟು, ಓದುವಾಗ ಅದರ ಮುಂದೆ ಒಂದು ಉಸಿರು ಹೆಚ್ಚು ತೆಗೆದುಕೊಂಡಿದ್ದೇನೆ.

ಆಮೇಲೆ ಜರ್ಮನಿ: 1966ರಿಂದ ಕುರ್ಟ್ ಎಡೆಲ್‌ಹಾಗೆನ್ ಅವರ ರೇಡಿಯೊ ವಾದ್ಯವೃಂದದಲ್ಲಿ ಮುಖ್ಯ ಏಕವಾದಕ, ಕೆನ್ನಿ ಕ್ಲಾರ್ಕ್–ಫ್ರಾನ್ಸಿ ಬೋಲಂಡ್ ಬಿಗ್ ಬ್ಯಾಂಡಿನಲ್ಲೂ ಒಂದು ಕುರ್ಚಿ. ತಿಂಗಳ ಸಂಬಳ ಬರುವ ಸಂಗೀತ. ಅಲ್ಲಿಗೆ ನಾಲ್ಕನೆಯ ಭಾಗ ಮುಗಿಯುತ್ತದೆ.

ಈಗ ಗಾಡಿ ನಿಂತ ಜಾಗ. 1972ರಲ್ಲಿ ಕೀನ್ ಸೇಂಟ್ ವಿನ್ಸೆಂಟಿಗೆ ಸರ್ಕಾರದ ಸಂಸ್ಕೃತಿ ನಿರ್ದೇಶಕರಾಗಿ ಮರಳಿದರು. ಸರ್ಕಾರ ಬದಲಾಯಿತು, 1975ರ ಹೊತ್ತಿಗೆ ಆ ಹುದ್ದೆ ಹೋಯಿತು. ಮೇಷ್ಟ್ರಾದರು. ನನ್ನ ಬಳಿ ಇರುವ ಮುದ್ರಿಕೆಗಳಲ್ಲಿ ಈ ವರ್ಷಗಳದ್ದು ಒಂದೂ ಇಲ್ಲ. ಜಾಝ್ ಬರಹಗಳು ಈ ಕಾಲವನ್ನು ‘ಊರಿಗೆ ಮರಳಿದರು’ ಎಂಬ ಒಂದು ಸಾಲಿನಲ್ಲಿ ದಾಟಿಬಿಡುತ್ತವೆ. ಆದರೆ ಕವಿತೆಯ ಕಡೆಯಿಂದ ನೋಡಿದರೆ ಫಸಲು ಬಂದದ್ದೇ ಆಗ. 1979ರ ಏಪ್ರಿಲ್ 13, ಗುಡ್ ಫ್ರೈಡೆಯ ದಿನ, ದ್ವೀಪದ ಉತ್ತರದ ಲಾ ಸೂಫ್ರಿಯೇರ್ ಜ್ವಾಲಾಮುಖಿ ಸಿಡಿಯಿತು. ಸಾವಿರಾರು ಜನ ಮನೆ ಬಿಟ್ಟು ಓಡಿದರು. ಅದೇ ಅಕ್ಟೋಬರಿನಲ್ಲಿ ದೇಶ ಸ್ವತಂತ್ರವಾಯಿತು. ಅದೇ ವರ್ಷ ‘ದಿ ವಾಲ್ಕೇನೊ ಸ್ವೀಟ್’ (suite, ಹಲವು ತುಣುಕುಗಳ ವಾದ್ಯರಚನೆ) ಕವಿತೆಗಳು ಬಂದವು, ಅದೇ ವರ್ಷ ‘ಒನ್ ಎ ವೀಕ್ ವಿತ್ ವಾಟರ್’ ಕೃತಿಗೆ ಕ್ಯೂಬಾದ ಕಾಸಾ ದೆ ಲಾಸ್ ಅಮೇರಿಕಾಸ್ ಪ್ರಶಸ್ತಿ. ಬೂದಿಯ ಕವಿತೆಗಳಿಗೂ ಸಂಗೀತಗಾರ ಕೃತಿಗೆ ಇಡುವಂಥ ಹೆಸರನ್ನೇ ಇಟ್ಟರು.

ಇಂಥ ಭಾಗಕ್ಕೆ ಏನನ್ನು ನುಡಿಸುವುದು? ಮೊದಲು ಹ್ಯಾರಿಯಟ್ ಕಾಲದ ನಿಧಾನದ ರಚನೆಯೊಂದನ್ನು ನಡುವೆ ಇಟ್ಟು ನೋಡಿದೆ. ಅದು ಕೃತಕವಾಗಿ ಕೇಳಿಸಿತು, 1963ರ ಉಸಿರನ್ನು ತಂದು 1979ಕ್ಕೆ ಅಂಟಿಸಿದ ಹಾಗೆ. ತೆಗೆದುಹಾಕಿದೆ. ಕೊನೆಗೆ ಮಾಡಿರುವ ತೀರ್ಮಾನ: ಐದನೆಯ ಭಾಗದಲ್ಲಿ ಒಂದು ಸ್ವರವೂ ಇರುವುದಿಲ್ಲ. ಬರೀ ಮಾತು. 1973ರ ಜನವರಿಯಲ್ಲಿ ಹ್ಯಾರಿಯಟ್ ಇಂಗ್ಲೆಂಡಿನಲ್ಲಿ ತೀರಿಕೊಂಡ ಸುದ್ದಿಯನ್ನೂ ಈ ಭಾಗದೊಳಗೇ ತಂದಿದ್ದೇನೆ.

ಕರಡು ಮುದ್ರಣವನ್ನು ಅಕ್ಕನಿಗೆ ಕೇಳಿಸಿದೆ. ಅಕ್ಕನಿಗೆ ಜಾಝ್ ಎಂದರೆ ಅಷ್ಟಕ್ಕಷ್ಟೆ. “ಎಷ್ಟೊತ್ತಿಗೆ ಊದುತ್ತಾನೋ ಎಂದು ಕಾದದ್ದೇ ಆಯಿತು ಕಣೋ” ಎಂದಳು. ಕಾಯುವಂತೆ ಮಾಡಬೇಕೆಂದೇ ಇಷ್ಟು ಪಾಡು ಪಟ್ಟದ್ದರಿಂದ ಇದನ್ನು ಹೊಗಳಿಕೆಯ ಖಾತೆಗೆ ಬರೆದುಕೊಂಡೆ. ಆದರೆ ಅವಳ ಇನ್ನೊಂದು ಮಾತು ಸರಿಯಾಗಿತ್ತು: ಜ್ವಾಲಾಮುಖಿಯ ಭಾಗ ವಾರ್ತೆ ಓದಿದ ಹಾಗಿದೆ. ಆ ಎರಡು ಪುಟ ಮತ್ತೆ ಬರೆಯಬೇಕು. ಅದೇ ಸೂಫ್ರಿಯೇರ್ 2021ರ ಏಪ್ರಿಲ್‌ನಲ್ಲಿ ಮತ್ತೆ ಸಿಡಿದಾಗ ಹಗಲಲ್ಲೇ ಕತ್ತಲು ಕವಿದ ಚಿತ್ರಗಳನ್ನು ಈಗ ಎದುರಿಗಿಟ್ಟುಕೊಂಡಿದ್ದೇನೆ.

ಆರನೆಯ ಭಾಗಕ್ಕೆ ಸಾಮಗ್ರಿಯ ಕೊರತೆಯಿಲ್ಲ. ಎಂಬತ್ತರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್. 1989ರಲ್ಲಿ ಹ್ಯಾರಿಯಟ್ ನೆನಪಿನ ಪ್ರವಾಸಕ್ಕಾಗಿ ಗ್ಯಾರಿಕ್, ಗುಡ್ ಮತ್ತು ಡ್ರಮ್ಸ್ ವಾದಕ ಬಾಬಿ ಆರ್ ಜೊತೆ ಮತ್ತೆ ಬ್ರಿಟನ್ನಿನಲ್ಲಿ. ಕವಿ ಲಿಂಟನ್ ಕ್ವೆಸಿ ಜಾನ್ಸನ್ ಅವರ ಸಂಸ್ಥೆಯಿಂದ ಬಂದ ‘ರಿಯಲ್ ಕೀನ್’, ಜಮೈಕಾದ ರೆಗೆ ತಾಳದ ಮೇಲೆ ಜಾಝ್. ಕೊನೆಯ ವರ್ಷಗಳಲ್ಲಿ ನಾರ್ವೆಯಲ್ಲಿ ಹೊಸ ವೇದಿಕೆಗಳು. 1997ರ ನವೆಂಬರಿನಲ್ಲಿ ಓಸ್ಲೊದಲ್ಲಿ ತೀರಿಕೊಂಡಾಗ ಎಪ್ಪತ್ತು ವರ್ಷ. ಐದನೆಯ ಭಾಗದ ಮೌನದ ನಂತರ ಮೊದಲು ಕೇಳಿಸಬೇಕಾದದ್ದು 1989ರ ಹಳೆಯ ಗೆಳೆಯರ ತಂಡದ ಕಥೆಯೋ ‘ರಿಯಲ್ ಕೀನ್’ ಮುದ್ರಿಕೆಯೋ ಎಂಬುದಷ್ಟೇ ತೀರ್ಮಾನವಾಗಬೇಕು. ಸದ್ಯಕ್ಕೆ ನನ್ನ ಒಲವು ಎರಡನೆಯದರ ಕಡೆಗೆ: ಮಾತೇ ಬೇಡ, ಭಾಗ ಶುರುವಾದ ಕೂಡಲೇ ಬೇಸ್ ಗಿಟಾರ್, ಅದರ ಮೇಲೆ ಅವರ ಊದು.