ಮೂರು ಸಲ ಕೂಗಿದರೂ ತಿರುಗಿ ನೋಡದವಳು

18 ನವೆಂಬರ್ 2023, ಶನಿವಾರ
ಪೀಟರ್‌ಬರೋ, ಇಂಗ್ಲೆಂಡ್

ಬೆಳಗಿನಿಂದ ಜಿಟಿಜಿಟಿ ಮಳೆ. ಮಗಳಿಗೆ ರಜೆ. ಮನೆಯಲ್ಲಿ ಕೂತು ಕಿಟಕಿ ಕಾಯುವ ಬದಲು ಕೆಥೆಡ್ರಲ್ ನೋಡಿ ಬರೋಣವೆಂದು ಎಬ್ಬಿಸಿಕೊಂಡು ಹೋದಳು. ಎರಡು ತಿಂಗಳಿಂದ ಈ ದೇಶದ ಚರ್ಚುಗಳನ್ನು ನೋಡಿ ನೋಡಿ ನನಗೆ ಸಾಕಾಗಿತ್ತು. ಕತ್ತು ನೋಯುವಷ್ಟು ಎತ್ತರದ ಚಾವಣಿ, ಬಣ್ಣದ ಗಾಜು, ಬೂಟಿನೊಳಗೂ ಇಳಿಯುವ ಕಲ್ಲಿನ ತಂಪು, ಅಷ್ಟೇ ಅಂದುಕೊಂಡು ಒಳಗೆ ಕಾಲಿಟ್ಟೆ. ಒಂದು ಗೋರಿಯ ಹತ್ತಿರ ಮಾತ್ರ ನಿಂತುಬಿಟ್ಟೆ. ಸಾದಾ ಹಾಸುಗಲ್ಲು. ಅದರ ಮೇಲ್ಗಡೆ ಚಿನ್ನದ ಬಣ್ಣದ ದಪ್ಪ ಅಕ್ಷರಗಳಲ್ಲಿ 'ಕ್ಯಾಥರೀನ್, ಇಂಗ್ಲೆಂಡಿನ ರಾಣಿ' ಎಂದಿದೆ. ಕಲ್ಲಿನ ಮೇಲೆ ಯಾರೋ ಎರಡು ದಾಳಿಂಬೆ ಇಟ್ಟುಹೋಗಿದ್ದರು. ಒಂದರ ಸಿಪ್ಪೆ ಆಗಲೇ ಸುಕ್ಕುಗಟ್ಟಿತ್ತು. ದಾಳಿಂಬೆ ಅವಳ ಲಾಂಛನವಂತೆ, ಹುಟ್ಟೂರು ಸ್ಪೇನಿನಿಂದ ಜೊತೆಗೆ ತಂದದ್ದು.

ಇವಳು ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿಯ ಮೊದಲ ಹೆಂಡತಿ. ಆ ಹೆನ್ರಿ ಎಂದರೆ ನಮಗೆಲ್ಲ ಶಾಲೆಯಲ್ಲಿ ಬಾಯಿಪಾಠ: ಆರು ಹೆಂಡತಿಯರು, ಇಬ್ಬರಿಗೆ ವಿಚ್ಛೇದನ, ಇಬ್ಬರ ತಲೆ ಹಾರಿಸಿದ. ಜಿಲ್ಲಾ ನ್ಯಾಯಾಲಯದಲ್ಲಿ 31 ವರ್ಷ ಕಡತ ಹೊತ್ತು ಶಿರಸ್ತೇದಾರಳಾಗಿ ನಿವೃತ್ತಳಾದ ನನಗೆ ಆ 'ವಿಚ್ಛೇದನ' ಎಂಬ ಪದದ ಮೇಲೇ ತಕರಾರು. ಅವನು ಕೇಳಿದ್ದು ವಿಚ್ಛೇದನವಲ್ಲ. ಇದ್ದ ಮದುವೆಯನ್ನು ಮುರಿಯಿರಿ ಎಂದಲ್ಲ, ಮದುವೆಯೇ ಆಗಿರಲಿಲ್ಲ ಎಂದು ಬರೆದುಕೊಡಿ ಎಂದು. ನಮ್ಮ ಭಾಷೆಯಲ್ಲಿ ಅದು ಅಸಿಂಧು. ಹಿಂದೂ ವಿವಾಹ ಕಾಯ್ದೆಯಲ್ಲಿ ಅಸಿಂಧು ಮದುವೆಯ 11ನೆಯ ಕಲಮು ಬೇರೆ, ವಿಚ್ಛೇದನದ 13 ಬೇರೆ. ಈ ವ್ಯತ್ಯಾಸವನ್ನು ಕಿರಿಯ ವಕೀಲರಿಗೆ ಎಷ್ಟು ಸಲ ಹೇಳಿಕೊಟ್ಟಿದ್ದೇನೋ.

ಪ್ರಕರಣದ ಸಾರಾಂಶ ಇಷ್ಟು. 1501ರ ನವೆಂಬರಿನಲ್ಲಿ ಕ್ಯಾಥರೀನ್ ಮದುವೆಯಾದದ್ದು ಹೆನ್ರಿಯ ಅಣ್ಣ ಆರ್ಥರ್‌ನನ್ನು. ಅವನಿಗೆ 15, ಅವಳಿಗೂ ಇನ್ನೂ 16 ತುಂಬಿರಲಿಲ್ಲ. ಐದು ತಿಂಗಳು ತುಂಬುವ ಮೊದಲೇ ಹುಡುಗ ತೀರಿಕೊಂಡ. ವರದಕ್ಷಿಣೆಯ ಅರ್ಧ ಮಾತ್ರ ಕೈಸೇರಿತ್ತು. ಹುಡುಗಿಯನ್ನು ಕಳಿಸಿದರೆ ಬಂದ ಹಣ ವಾಪಸು ಕೊಡಬೇಕು, ಉಳಿದದ್ದೂ ಬರುವುದಿಲ್ಲ. ಬೀಗರಿಬ್ಬರೂ ಲೆಕ್ಕದಲ್ಲಿ ಪಕ್ಕಾ. ತಮ್ಮನಿಗೆ ಕೊಡುವುದೆಂದು ಮಾತಾಯಿತು. ಅಣ್ಣನ ವಿಧವೆಯಾದ್ದರಿಂದ ಪೋಪ್ ಎರಡನೆಯ ಜೂಲಿಯಸ್‌ನ ವಿನಾಯಿತಿ ಪತ್ರ ಬಂತು. 1509ರ ಜೂನ್ 11ರಂದು ಮದುವೆ. ಅಲ್ಲಿಂದ ಮುಂದೆ 18 ವರ್ಷ ಯಾರಿಗೂ ಯಾವ ಆಕ್ಷೇಪವೂ ಇರಲಿಲ್ಲ.

ನಮ್ಮ ಕಾಯ್ದೆಯಲ್ಲಿಯೂ ಸಹೋದರನ ಪತ್ನಿಯಾಗಿದ್ದವಳು ನಿಷೇಧಿತ ಸಂಬಂಧದ ಪಟ್ಟಿಯಲ್ಲಿದ್ದಾಳೆ, ರೂಢಿ ಒಪ್ಪಿದರೆ ಮಾತ್ರ ವಿನಾಯಿತಿ. ಅಲ್ಲಿ ರೂಢಿಯ ಜಾಗದಲ್ಲಿ ಪೋಪ್ ಇದ್ದ.

ಗರ್ಭ ಮೇಲಿಂದ ಮೇಲೆ ನಿಂತರೂ ಬದುಕಿ ಬೆಳೆದದ್ದು 1516ರಲ್ಲಿ ಹುಟ್ಟಿದ ಮೇರಿ ಒಬ್ಬಳೇ. 1511ರ ಹೊಸವರ್ಷದ ದಿನ ಹುಟ್ಟಿದ ಗಂಡುಮಗು 52 ದಿನ ಬದುಕಿತು. ರಾಜನಿಗೆ ಗಂಡು ವಾರಸುದಾರ ಬೇಕು, ಆಸ್ಥಾನದ ಹೆಣ್ಣು ಆ್ಯನ್ ಬೊಲಿನ್ ಮೇಲೆ ಮನಸ್ಸು ಬಂದಿದೆ, ಅದೇ ಹೊತ್ತಿಗೆ ಬೈಬಲ್ಲಿನ ಲೇವಿಯ ಕಾಂಡದಲ್ಲಿ 'ಸಹೋದರನ ಹೆಂಡತಿಯನ್ನು ತೆಗೆದುಕೊಂಡವನಿಗೆ ಸಂತಾನವಿಲ್ಲ' ಎಂಬ ವಾಕ್ಯ ಕಣ್ಣಿಗೆ ಬಿದ್ದಿದೆ. ಮಗಳು ಕಣ್ಣೆದುರು ಓಡಾಡುತ್ತಿದ್ದರೂ ಅವನ ಎಣಿಕೆಗೆ ಅದು ಸಂತಾನವಲ್ಲ. ಅವನು ಬರೀ ನಾಟಕವಾಡಿದ ಎಂದು ನಾನು ಹೇಳುವುದಿಲ್ಲ. ತಮಗೆ ಬೇಕಾದದ್ದನ್ನೇ ಧರ್ಮವೆಂದು ಮನಸಾರೆ ನಂಬಿದ ಅರ್ಜಿದಾರರು ಎಷ್ಟೋ ಮಂದಿ ನನ್ನ ಮೇಜಿನ ಮುಂದೆ ನಿಂತು ಕಣ್ಣೀರು ಹಾಕಿದ್ದಾರೆ. ಆ ಕಣ್ಣೀರು ಸುಳ್ಳಲ್ಲ.

ಆದರೆ ದಾವೆ ನಡೆಸಿದ ರೀತಿ ನೋಡಿ. 1527ರ ಮೇ ತಿಂಗಳಲ್ಲಿ ಚರ್ಚಿನ ಹಿರಿಯ ಗುರುವೂ ರಾಜನ ಮಂತ್ರಿಯೂ ಆಗಿದ್ದ ಕಾರ್ಡಿನಲ್ ವುಲ್ಸಿ ಗುಟ್ಟಾಗಿ ಒಂದು ನ್ಯಾಯಪೀಠ ಕೂರಿಸಿ, 'ಅಣ್ಣನ ಹೆಂಡತಿಯೊಡನೆ ಬಾಳುತ್ತಿದ್ದೀರಿ, ಉತ್ತರ ಹೇಳಿ' ಎಂದು ರಾಜನನ್ನೇ ಕರೆಸುತ್ತಾನೆ. ರಾಜ ಬಂದು ವಿನಯದಿಂದ ನಿಲ್ಲುತ್ತಾನೆ. ಶುದ್ಧ ಶಾಮೀಲು ದಾವೆ! ಹೆಂಡತಿಗೆ ನೋಟಿಸೇ ಇಲ್ಲ. ಅದೇ ತಿಂಗಳು ರೋಮಿನಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸ್‌ನ ಸೈನಿಕರು ಊರು ಸೂರೆ ಮಾಡಿ ಪೋಪ್ ಏಳನೆಯ ಕ್ಲೆಮೆಂಟ್‌ನನ್ನು ಕೋಟೆಯಲ್ಲಿ ಕೂಡಿಹಾಕಿದರು. ಚಾರ್ಲ್ಸ್ ಯಾರು? ಕ್ಯಾಥರೀನಳ ಅಕ್ಕನ ಮಗ. ತೀರ್ಪು ಕೊಡಬೇಕಾದವನು ಎದುರುದಾರಳ ಮನೆಯವರ ಸೆರೆಯಲ್ಲಿ!

ಇನ್ನೊಂದು ಸೊಗಸು. ಆ್ಯನ್‌ಳ ಸೋದರಿ ಮೇರಿ ಬೊಲಿನ್ ಜೊತೆ ಹೆನ್ರಿಗೆ ಮೊದಲೇ ಸಂಬಂಧವಿತ್ತು. ಚರ್ಚಿನ ಲೆಕ್ಕದಲ್ಲಿ ಆ್ಯನ್ ಕೂಡ ಅಷ್ಟೇ ನಿಷೇಧಿತಳು. ಹಾಗಾಗಿ ಜೂಲಿಯಸ್ ಕೊಟ್ಟ ವಿನಾಯಿತಿ ಅಧಿಕಾರ ಮೀರಿದ್ದು ಎಂದು ವಾದಿಸುತ್ತಲೇ ತನಗೆ ಅದೇ ಬಗೆಯ ಇನ್ನೊಂದು ವಿನಾಯಿತಿ ಕೊಡಿ ಎಂದು ರೋಮಿಗೆ ದೂತನನ್ನು ಕಳಿಸಿದ. ಅರ್ಜಿ ಬರೆದುಕೊಟ್ಟವನ ಕೈ ನಡುಗಲಿಲ್ಲವೇ ಎಂದು ಯೋಚಿಸುತ್ತೇನೆ.

ನನ್ನಂಥವರಿಗೆ ಹಬ್ಬದೂಟವೆಂದರೆ ದಾಖಲೆಯ ಜಗಳ. ಜೂಲಿಯಸ್‌ನ ವಿನಾಯಿತಿ ಪತ್ರದಲ್ಲಿ ಆರ್ಥರ್ ಮತ್ತು ಕ್ಯಾಥರೀನರ ನಡುವೆ ದೇಹಸಂಬಂಧ 'ಬಹುಶಃ' ಆಗಿರಬಹುದು ಎಂದಿತ್ತು. ಆಮೇಲೆ ಸ್ಪೇನಿನಲ್ಲಿ ಅದೇ ಪೋಪನ ಇನ್ನೊಂದು ಪತ್ರ ಸಿಕ್ಕಿತು. ಅದರಲ್ಲಿ ಆ 'ಬಹುಶಃ' ಇಲ್ಲ. ಮೊದಲ ಪತ್ರದಲ್ಲಿ ಹೆನ್ರಿಯ ಕಡೆಯವರು ಹುಡುಕಿಟ್ಟ ಲೋಪಗಳಿಗೆಲ್ಲ ಎರಡನೆಯದು ಅಡ್ಡ ಬಂತು. ಅಸಲು ಹಾಜರುಪಡಿಸಿ ಎಂದು ಇಂಗ್ಲೆಂಡಿನವರು, ದೃಢೀಕೃತ ನಕಲು ಸಾಕು ಎಂದು ಚಾರ್ಲ್ಸ್. ಅಸಲನ್ನು ಅವನು ಕೊನೆಗೂ ಬಿಟ್ಟುಕೊಡಲಿಲ್ಲ. ನಾನಾಗಿದ್ದರೂ ಕೊಡುತ್ತಿರಲಿಲ್ಲ. ಬೇಡದ ಕಾಗದ ಕಡತದಿಂದ ಹೇಗೆ ಕಾಣೆಯಾಗುತ್ತದೆಂದು ನನಗೆ ಗೊತ್ತು.

"ಅಮ್ಮಾ, ಇಲ್ಲಿಗೆ ಬಂದರೂ ಕೋರ್ಟು ಬಿಡುವುದಿಲ್ಲವಲ್ಲ ನೀನು" ಎಂದಳು ಮಗಳು. ಇದಿನ್ನೂ ಪೀಠಿಕೆ ಎಂದೆ.

1529ರ ಜೂನ್, ಲಂಡನ್ನಿನ ಬ್ಲ್ಯಾಕ್‌ಫ್ರೈಯರ್ಸ್ ಮಠದ ಸಭಾಂಗಣ. ಪೀಠದಲ್ಲಿ ವುಲ್ಸಿ, ಜೊತೆಗೆ ರೋಮಿನಿಂದ ಬಂದ ಕಾರ್ಡಿನಲ್ ಕಂಪೆಜ್ಜೊ. ವಾತರೋಗದಿಂದ ನರಳುತ್ತಿದ್ದ ಇವನು ಹಿಂದಿನ ಅಕ್ಟೋಬರಿನಲ್ಲೇ ಬಂದು, ಕನ್ಯಾಮಠ ಸೇರಿಬಿಡಿ ಎಂದು ರಾಣಿಯನ್ನು ಒಪ್ಪಿಸಲು ನೋಡಿ ಸೋತಿದ್ದ. ರಾಣಿಯ ಹೆಸರು ಕೂಗಿದರು. ಅವಳು ಎದ್ದು ನೇರ ಗಂಡನ ಬಳಿ ಹೋಗಿ ಮೊಣಕಾಲೂರಿದಳು. ನಾನು ಪರದೇಶದವಳು, ಇಲ್ಲಿ ನನಗೆ ದಿಕ್ಕಿಲ್ಲ, ಇಷ್ಟು ವರ್ಷ ನಿನಗೆ ವಿಧೇಯಳಾಗಿ ಬಾಳಿದೆ, ನಿನ್ನ ಕೈ ಹಿಡಿದಾಗ ನಾನು ಕನ್ಯೆಯಾಗಿದ್ದೆ, ನಿಜವೋ ಸುಳ್ಳೋ ನಿನ್ನ ಮನಸ್ಸಾಕ್ಷಿಗೇ ಬಿಟ್ಟಿದ್ದೇನೆ ಎಂಬ ಅರ್ಥದ ಮಾತು. ಹೆನ್ರಿ ಅದನ್ನು ಅಲ್ಲಗಳೆಯಲಿಲ್ಲ. ಮಾತು ಮುಗಿಸಿ ಅವಳು ಎದ್ದು ಬಾಗಿಲ ಕಡೆ ನಡೆದಳು.

ಆಗ ಕೂಗಿದರು, ಮೂರು ಸಲ. ನಮ್ಮ ಜವಾನ ಪಡಸಾಲೆಗೆ ಬಂದು ಮೂರು ಸಲ ಹೆಸರು ಕೂಗುವುದು ನೆನಪಾಯಿತು. ನಮ್ಮಲ್ಲಿ ಆ ಕೂಗಿಗೆ ಜನ ಅರ್ಧ ಕುಡಿದ ಚಹಾ ಬಿಟ್ಟು, ಚಪ್ಪಲಿ ಜಾರಿದರೂ ನಿಲ್ಲದೆ ಓಡಿ ಬರುತ್ತಾರೆ. ಜೊತೆಗಿದ್ದವನು "ಕರೆಯುತ್ತಿದ್ದಾರೆ" ಎಂದು ಎಚ್ಚರಿಸಿದರೂ, ಇದು ನನಗೆ ನಿಷ್ಪಕ್ಷಪಾತದ ನ್ಯಾಯಾಲಯವಲ್ಲ ಎಂದು ಕ್ಯಾಥರೀನ್ ಹೊರಟೇಹೋದಳು. ಮತ್ತೆ ಆ ಪೀಠದ ಮುಂದೆ ಬರಲಿಲ್ಲ.

ಆರ್ಥರನೊಡನೆ ದೇಹಸಂಬಂಧ ಆಗಿತ್ತೆಂದು ತೋರಿಸಲು ಅವಳ ಬೆನ್ನಹಿಂದೆ ನಡೆದ ಸಾಕ್ಷಿ ವಿಚಾರಣೆ ಹೇಸಿಗೆ ಹುಟ್ಟಿಸುವಂಥದ್ದು. ಮೊದಲ ರಾತ್ರಿಯ ಮರುದಿನ ಆರ್ಥರ್ ಬಾಯಾರಿಕೆ ಎಂದು ಕುಡಿಯಲು ಕೇಳಿದನಂತೆ, 'ರಾತ್ರಿಯೆಲ್ಲ ಸ್ಪೇನಿನ ನಡುವೆ ಇದ್ದೆ' ಎಂದು ಜಂಬ ಕೊಚ್ಚಿದನಂತೆ. 27 ವರ್ಷಗಳ ನಂತರ ಹಳೆಯ ಆಸ್ಥಾನಿಕರಿಗೆ ಒಮ್ಮೆಗೇ ನೆನಪು ಮರುಕಳಿಸಿತು. ಜುಲೈ ಕೊನೆಗೆ ಕಂಪೆಜ್ಜೊ, ರೋಮಿನ ನ್ಯಾಯಾಲಯಗಳಿಗೆ ಈಗ ರಜೆ ಎಂದು ಅಕ್ಟೋಬರಿಗೆ ವಾಯಿದೆ ಹಾಕಿದ. ಅಷ್ಟರಲ್ಲಿ ರಾಣಿಯ ಮನವಿಯಂತೆ ಪ್ರಕರಣ ರೋಮಿಗೇ ವರ್ಗವಾಗಿತ್ತು. ವುಲ್ಸಿಯ ಕಥೆಯೂ ಅಲ್ಲಿಗೆ ಮುಗಿಯಿತು.

ಮುಂದಿನದು ಬೇಗ ಹೇಳುತ್ತೇನೆ. ವಿಶ್ವವಿದ್ಯಾಲಯಗಳಿಂದ ಅಭಿಪ್ರಾಯ ತರಿಸಿದ್ದಾಯಿತು. 1531ರ ಜುಲೈಯಲ್ಲಿ ಹೆನ್ರಿ ಹೇಳದೆ ಕೇಳದೆ ಹೆಂಡತಿಯನ್ನು ವಿಂಡ್ಸರ್‌ನಲ್ಲಿ ಬಿಟ್ಟುಹೋದ. ತಾಯಿ ಮಗಳನ್ನು ಬೇರೆ ಮಾಡಿದ, ಅವರು ಮತ್ತೆ ಒಬ್ಬರನ್ನೊಬ್ಬರು ನೋಡಲೇ ಇಲ್ಲ. 1533ರ ಆರಂಭದಲ್ಲಿ ಗರ್ಭಿಣಿ ಆ್ಯನ್‌ಳನ್ನು ಗುಟ್ಟಾಗಿ ಮದುವೆಯಾದ. ಇಂಥ ಪ್ರಕರಣಗಳಲ್ಲಿ ರೋಮಿಗೆ ಮೇಲ್ಮನವಿ ಹೋಗಕೂಡದೆಂದು ಸಂಸತ್ತಿನಲ್ಲಿ ಕಾನೂನು ಮಾಡಿಸಿದ, ಅಂದರೆ ಮೇಲಿನ ನ್ಯಾಯಾಲಯವನ್ನೇ ತೆಗೆದುಹಾಕಿದ. ಹೊಸ ಆರ್ಚ್‌ಬಿಷಪ್ ಕ್ರ್ಯಾನ್ಮರ್ ಡನ್‌ಸ್ಟೆಬಲ್‌ನಲ್ಲಿ ಪೀಠ ಹೂಡಿ, ರಾಣಿ ಗೈರುಹಾಜರೆಂದು ನಮೂದಿಸಿ, ಮೇ 23ರಂದು ಹೆನ್ರಿಯ ಮೊದಲ ಮದುವೆ ಅಸಿಂಧು ಎಂದ. ರೋಮಿನಿಂದ ಮದುವೆ ಸಿಂಧು ಎಂಬ ತೀರ್ಪು ಬಂದದ್ದು 1534ರ ಮಾರ್ಚಿನಲ್ಲಿ. ಅಷ್ಟರಲ್ಲಿ ಆ್ಯನ್‌ಳ ಮಗು ಎಲಿಜಬೆತ್‌ಗೆ ಆರು ತಿಂಗಳು ದಾಟಿತ್ತು. ತಡವಾದ ತೀರ್ಪುಗಳ ಬಗ್ಗೆ ನಾನು ಮಾತಾಡಬಾರದು, ನಿವೃತ್ತಿವೇತನ ಬರುತ್ತಿದೆ.

17 ವರ್ಷದ ಮೇರಿ ಒಂದೇ ಸಹಿಯಲ್ಲಿ ಅಕ್ರಮ ಸಂತಾನವಾದಳು. ನಮ್ಮಲ್ಲಿ ಮದುವೆ ಅಸಿಂಧುವಾದರೂ 16ನೆಯ ಕಲಮು ಮಕ್ಕಳನ್ನು ಕಾಯುತ್ತದೆ. ಆ ಕಲಮು ಬರೆದವರಿಗೆ ಇವತ್ತು ಆ ಗೋರಿಯ ಮುಂದೆ ನಿಂತೇ ಕೈಮುಗಿದೆ.

ಕ್ಯಾಥರೀನಳನ್ನು ಇನ್ನು ಮೇಲೆ 'ವಿಧವೆ ಯುವರಾಣಿ' ಎಂದೇ ಕರೆಯಬೇಕೆಂದು ಆಜ್ಞೆಯಾಯಿತು. ಆರ್ಥರನ ವಿಧವೆ ಎಂದು. 1536ರ ಜನವರಿ 7ರಂದು ಕಿಂಬೋಲ್ಟನ್ನಿನಲ್ಲಿ ಸತ್ತಾಗ ಇಲ್ಲಿಗೆ ತಂದು ಹೂಳಿದ್ದೂ ಆ ಹೆಸರಿನಲ್ಲೇ. ಈಗ ಚಿನ್ನದ ಅಕ್ಷರ ಬೇರೆ ಹೇಳುತ್ತದೆ. ಆದರೆ ನನಗೆ ಅದಕ್ಕಿಂತ ಹಿಡಿಸಿದ್ದು 1533ರ ಜುಲೈಯ ಒಂದು ಕಾಗದ. ಅಧಿಕಾರಿಗಳು ಆಜ್ಞೆ ತಿಳಿಸಲು ಬಂದರು, ತಾವು ಬರೆದ ವರದಿಯನ್ನು ಅವಳಿಗೆ ತೋರಿಸಿದರು. ಕಾಯಿಲೆ ಬಿದ್ದಿದ್ದವಳು ಲೇಖನಿ ತರಿಸಿಕೊಂಡು, 'ವಿಧವೆ ಯುವರಾಣಿ' ಎಂದಿದ್ದ ಕಡೆಯೆಲ್ಲ ಹೊಡೆದುಹಾಕಿದಳು. ಆ ಗೀಟುಗಳು ಕಾಗದದ ಮೇಲೆ ಇಂದಿಗೂ ಉಳಿದಿವೆ.

ಮನೆಗೆ ಬಂದು ಒದ್ದೆ ಕೋಟು ಒಣಗಹಾಕುವಾಗ ಮಗಳಿಗೆ ಇದನ್ನು ಹೇಳಿದೆ. ಕಡತದಲ್ಲಿ ಹೊಡೆದುಹಾಕಿದ ಕಡೆ ಪಕ್ಕದಲ್ಲಿ ಕಿರುಸಹಿ ಇಲ್ಲದಿದ್ದರೆ ನಾನು ಆ ಕಾಗದವನ್ನು ವಾಪಸು ಕಳಿಸುತ್ತಿದ್ದೆ, 31 ವರ್ಷ ಒಂದು ಸಲವೂ ಬಿಟ್ಟವಳಲ್ಲ. ಇದೊಂದನ್ನು ಮಾತ್ರ ಸುಮ್ಮನೆ ಮುದ್ರೆ ಒತ್ತಿ ಒಳಗಿಟ್ಟುಕೊಳ್ಳುತ್ತಿದ್ದೆ.